ಇಷ್ಟುಸಾಕಪ್ಪ ಮತ್ತು ಹಿಂದಿನ ಬ್ರೇಕು

ತಂಗಿ ತನ್ನ ಭಾವನನ್ನು ಮೊದಲ ಸಲ ಕಂಡದ್ದು ತಮ್ಮ ಮನೆಯ ನಡುಕೋಣೆಯಲ್ಲಿ, ಬೆವರು ಕಿತ್ತು ಬರುತ್ತಿದ್ದ ಒಂದು ಮಧ್ಯಾಹ್ನ. ಮದುವೆಯಾಗಲಿರುವವನನ್ನು ಮನೆಯವರಿಗೆ ತೋರಿಸಲು ಅಕ್ಕನೇ ಕರೆತಂದಿದ್ದಳು. ಅವನು ಚಪ್ಪಲಿಯನ್ನು ಬಾಗಿಲ ಹೊರಗೆ ಗೋಡೆಗೆ ಸರಿಯಾಗಿ ಹೊಂದಿಸಿಟ್ಟ. ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿ ನೋಡಿ, ಅದು ಮುರಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೂತ. ಅಮ್ಮ ಲೋಟದ ತುಂಬ ನೀರು ತಂದರೆ ಅರ್ಧ ಕುಡಿದು ‘ಇಷ್ಟು ಸಾಕು’ ಎಂದ. ಅದೆಲ್ಲ ಹೋಗಲಿ. ಅಪ್ಪ ಏನೋ ಮಾತು ತೆಗೆಯುತ್ತಿದ್ದಾಗ ಅವನು ಎದ್ದು ಗೋಡೆಯ ಹತ್ತಿರ ಹೋದ. ನಾಲ್ಕರಲ್ಲಿ ತಿರುಗುತ್ತಿದ್ದ ಫ್ಯಾನನ್ನು ಮೂರಕ್ಕೆ ಇಳಿಸಿದ.

“ಇಷ್ಟು ಸಾಕು,” ಎಂದು ವಾಪಸ್ಸು ಬಂದು ಕೂತ.

ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ಕಾಲಿಟ್ಟ ದಿನವೇ ಪರರ ಮನೆಯ ಗಾಳಿಗೆ ಕೈ ಹಾಕಿದ ಈ ಮಹಾನುಭಾವನಿಗೆ ತಂಗಿ ಅಲ್ಲಿಯೇ, ಆ ಕ್ಷಣವೇ ಹೆಸರಿಟ್ಟಳು: ಇಷ್ಟುಸಾಕಪ್ಪ.

“ಸುಮ್ನಿರೇ, ಮಿತವಾದ ಮನುಷ್ಯ ಅಷ್ಟೇ,” ಎಂದಳು ಅಕ್ಕ, ಅವನು ಹೋದ ಮೇಲೆ.

“ಮಿತ ಇರ್ಲಿ ಬಿಡಕ್ಕ. ಅವರ ಮನೇಲಿ ಇರ್ಲಿ. ನಮ್ಮ ಫ್ಯಾನ್ ಏನು ಮಾಡಿತ್ತು?”

ಭಾವ ಒಂದು ದೊಡ್ಡ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವನು. ನಾಲ್ಕು ಬಲ್ಬು ಕೇಳಿದವರಿಗೆ ಎರಡು ಕೊಟ್ಟು, ಉಳಿದೆರಡು ಯಾಕೆ ಬೇಡ ಎಂದು ವಿವರಿಸಿ ಕಳಿಸುವುದೇ ಅವನ ಕೆಲಸ. ಆ ಕೆಲಸವನ್ನು ಅವನು ಕಚೇರಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಮನೆಯಲ್ಲಿ ಅಕ್ಕ ಹೊತ್ತಿಸಿದ ಒಲೆಯ ಉರಿಯನ್ನು ಹಾದುಹೋಗುವಾಗ ಒಂದಿಷ್ಟು ಇಳಿಸುತ್ತಿದ್ದ. ಅವಳು ತೆರೆದ ನಲ್ಲಿಯನ್ನು ಅರ್ಧ ಮುಚ್ಚುತ್ತಿದ್ದ. ಟೀವಿಯ ದನಿ, ಕಿಟಕಿಯ ಪರದೆ, ಇಸ್ತ್ರಿಪೆಟ್ಟಿಗೆಯ ಬಿಸಿ, ಯಾವುದನ್ನೂ ಬಿಡುತ್ತಿರಲಿಲ್ಲ. ತಾನಾಗಿ ಏನನ್ನೂ ಶುರು ಮಾಡಿದವನಲ್ಲ. ಇನ್ನೊಬ್ಬರು ತಿರುಗಿಸಿದ್ದನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸುವುದೇ ಅವನ ಸಂಸಾರ.

ಅಕ್ಕ ಫಿಸಿಯೊಥೆರಪಿ ಓದಿದವಳು. ಲಕ್ವ ಹೊಡೆದವರು, ಮೂಳೆ ಮುರಿದವರು, ಮಂಡಿ ಆಪರೇಷನ್ ಆದವರು, ಇಂಥವರ ಮನೆಗಳಿಗೇ ಹೋಗಿ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುತ್ತಾಳೆ. ಊರಿನ ಈ ತುದಿಯಲ್ಲಿ ಒಂದು ಮನೆ, ಆ ತುದಿಯಲ್ಲಿ ಇನ್ನೊಂದು. ಬಸ್ಸಿನಲ್ಲಿ ದಿನಕ್ಕೆ ಎರಡು ಮನೆ ಮುಗಿಯುತ್ತಿದ್ದವು. ಅದಕ್ಕೇ ಒಂದು ಹಳೆಯ ಕಾರು ಕೊಂಡು, ಹಟ ಹಿಡಿದು ಡ್ರೈವಿಂಗ್ ಕಲಿತಳು. ಭಾವನಿಗೆ ಡ್ರೈವಿಂಗ್ ಬಾರದು, ಕಲಿಯುವ ಆಸೆಯೂ ಇಲ್ಲ. ಆದರೆ ಬೆಳಿಗ್ಗೆ ಉಗ್ರಾಣದ ಬಾಗಿಲಿಗೆ ಬಿಡಬೇಕು, ಸಂಜೆ ಕರೆತರಬೇಕು. ಪಕ್ಕದ ಸೀಟಿನಲ್ಲಿ ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಕೇಳಿದವರಿಗೆಲ್ಲ ‘ಕಾರು ನಾವಿಬ್ಬರೂ ಓಡಿಸೋದು’ ಎನ್ನುತ್ತಿದ್ದ. ತಂಗಿಗೆ ಅದು ಬರೀ ಬಡಾಯಿ ಅನ್ನಿಸಿತ್ತು.

ತಂಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅವಳಿದ್ದ ಬಾಡಿಗೆ ಮನೆಯ ಚಾವಣಿ ರಿಪೇರಿಗೆ ಬಂದಾಗ ಕೆಲವು ದಿನ ಅಕ್ಕನ ಮನೆಗೆ ಬಂದಳು. ಬಂದ ದಿನವೇ ಅಕ್ಕನ ಮುಖ ಸಪ್ಪಗಿರುವುದು ಕಂಡಿತು.

“ಹಿಂದಿನ ಬ್ರೇಕು ಮತ್ತೆ ಸವೆದುಹೋಯ್ತು ಕಣೇ. ಹೊಸ ಬ್ರೇಕ್ ಶೂ ಹಾಕ್ಸಿ ಆರು ತಿಂಗಳೂ ಆಗಿಲ್ಲ. ಇದು ಮೂರನೇ ಸಲ.”

“ಅವಳಿಗೆ ಬ್ರೇಕಿನ ಮೇಲಿಂದ ಕಾಲೇ ತೆಗೆಯೋಕೆ ಬರಲ್ಲ,” ಎಂದ ಭಾವ, ಪತ್ರಿಕೆಯಿಂದ ತಲೆ ಎತ್ತದೆ. “ಹೆದರಿಕೆ. ಎಷ್ಟು ಹೇಳಿದರೂ ಅಷ್ಟೇ. ಇರಲಿ, ಈಗ ಅದೆಲ್ಲ ಯಾಕೆ? ಭಾನುವಾರ ಕಾರು ನೋಡೋಕೆ ಒಬ್ಬರು ಬರ್ತಾರೆ. ಮಾರಿಬಿಡೋಣ. ಪಕ್ಕದ ಬೀದಿಯ ಆಸ್ಪತ್ರೇಲಿ ಕೂತು ಮಾಡೋ ಕೆಲಸ ಇದೆಯಂತೆ. ಅಷ್ಟು ಸಾಕು.”

ಅಕ್ಕ ತನ್ನ ಬಲಗಾಲನ್ನೇ ನೋಡುತ್ತಿದ್ದಳು, ಅದು ಯಾರದೋ ಕಾಲು ಎಂಬಂತೆ. ಎಷ್ಟೋ ಜನರನ್ನು ಮತ್ತೆ ನಡೆಸಿದವಳು, ತನ್ನ ಪಾದದ ಮೇಲೆ ನಂಬಿಕೆ ಕಳೆದುಕೊಂಡು ಕೂತಿದ್ದಳು. ಅದನ್ನು ಕಂಡು ತಂಗಿಯ ಮೈಯೆಲ್ಲ ಉರಿಯಿತು. ಕಾರು ಹೋದರೆ ಹೋಗುವುದು ಕಾರೊಂದೇ ಅಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಸಿಗೆ ಹಿಡಿದ ಆ ರೋಗಿಗಳು ಪಕ್ಕದ ಬೀದಿಯ ಆಸ್ಪತ್ರೆಗೆ ಬರಲಾರರು.

ಮಾರನೆಯ ದಿನ ಅವಳೇ ಅಕ್ಕನ ಜೊತೆ ಗ್ಯಾರೇಜಿಗೆ ಹೋದಳು. ಗ್ಯಾರೇಜಿನವನು ಇನ್ನೊಬ್ಬ ಪಂಡಿತ. ಕಾರಿನ ಬಾನೆಟ್ಟು ತೆರೆಯುವ ಮೊದಲೇ ರೋಗ ಹೇಳುವವನು. ಮೊದಲ ಸಲ ‘ಮೇಡಂ ಕಾಲು’ ಎಂದಿದ್ದ. ಎರಡನೆಯ ಸಲ ಹ್ಯಾಂಡ್‌ಬ್ರೇಕಿನ ಕೇಬಲ್ಲು ಹಳೆಯದೆಂದು ಅದನ್ನೂ ಬದಲಿಸಿದ್ದ. ಈಗ ಕಂಪನಿಯವರನ್ನು ಬೈಯುತ್ತಿದ್ದ.

“ಮುಂದಿನ ಬ್ರೇಕು ಹೇಗಿದೆ?” ಎಂದು ತಂಗಿ ಕೇಳಿದಳು.

“ಮುಂದಿಂದು ಹೊಸದರ ಹಾಗೇ ಇದೆ.”

“ಅಕ್ಕ ಕಾಲು ಇಟ್ಟಿದ್ದರೆ ಮುಂದಿಂದೂ ಸವೀಬೇಕಲ್ವಾ?”

“ಸವೀಬೇಕು. ಮುಂದಿಂದೇ ಮೊದಲು ಸವೀಬೇಕು,” ಎಂದ ಅವನು ಆರಾಮಾಗಿ, ತಾನು ಇಷ್ಟು ದಿನ ಹೇಳಿದ್ದಕ್ಕೂ ಈ ಮಾತಿಗೂ ಸಂಬಂಧವೇ ಇಲ್ಲವೆಂಬಂತೆ. “ಹಿಂದಿಂದು ಮಾತ್ರ ಹಿಡಿಯೋದು ಹ್ಯಾಂಡ್‌ಬ್ರೇಕು. ಅದನ್ನ ನಾನು ನೋಡಿಯಾಯ್ತು. ಎಳೆದರೆ ಹಿಡಿಯುತ್ತೆ, ಬಿಟ್ಟರೆ ಬಿಡುತ್ತೆ. ಹಣೆಬರಹ ಅಷ್ಟೇ, ಮೇಡಂ.”

ಹಣೆಬರಹ ರಿಪೇರಿ ಮಾಡುವ ಗ್ಯಾರೇಜು ಬೇರೆ ಇಲ್ಲದ್ದರಿಂದ ಇಬ್ಬರೂ ವಾಪಸ್ಸು ಹೊರಟರು. ಕಾರು ನೀರಿನ ಹಾಗೆ ಹರಿಯುತ್ತಿತ್ತು.

“ಚೆನ್ನಾಗೇ ಓಡ್ತಿದೆಯಲ್ಲಕ್ಕ!”

“ಈಗ ಓಡುತ್ತೆ. ಇವರು ಕೂತಾಗ ಸ್ವಲ್ಪ ಭಾರ. ಇವರು ಇಳಿದ ಮೇಲೆ ಹಗುರ ಆಗುತ್ತೆ ನೋಡು.”

ತಂಗಿ ಅಕ್ಕನ ಕಡೆ ತಿರುಗಿದಳು. ಭಾವನ ಮೈಯಲ್ಲಿ ಅಂಗಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ನೇತಾಡಿದಂತೆ ನೇತಾಡುತ್ತಿತ್ತು. ಆ ಮನುಷ್ಯನ ಭಾರಕ್ಕೆ ಒಂದು ಸೈಕಲ್ಲೂ ಬಗ್ಗಲಾರದು. ಅವಳು ‘ಭಾನುವಾರದೊಳಗೆ ನಾನೂ ಒಂದು ಸಲ ನಿಮ್ಮ ಜೊತೆ ಬರ್ತೀನಿ’ ಎಂದಳು, ಅಷ್ಟೇ.

ಶನಿವಾರ ಬೆಳಿಗ್ಗೆ ಮೂವರೂ ಹೊರಟರು. ತಂಗಿ ಹಿಂದಿನ ಸೀಟಿನ ನಡುವೆ ಕೂತು ಮುಂದಕ್ಕೆ ಬಾಗಿದಳು. ಭಾವ ಬೆಲ್ಟು ಬಿಗಿದುಕೊಂಡ, ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ, ಅಕ್ಕ ತೆರೆದಿದ್ದ ಕಿಟಕಿಯನ್ನು ಅರ್ಧ ಏರಿಸಲು ಹೇಳಿದ. ಕಾರು ಬೀದಿಯ ತಿರುವು ದಾಟಿತು. ಅವನ ಕೈ, ಕುರ್ಚಿಯ ತೋಳಿನ ಮೇಲೆ ಒರಗುವಷ್ಟು ಸಹಜವಾಗಿ, ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕಿನ ಮೇಲೆ ಬಂದು ಕೂತಿತು. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸದ್ದಾಗದ ಹಾಗೆ, ಅದನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎಳೆದ. ಅಲ್ಲಿಯೇ ಹಿಡಿದುಕೊಂಡು ಮುಂದಿನ ರಸ್ತೆ ನೋಡುತ್ತ ಕೂತ. ದಿನವೂ ಅಲ್ಲೇ ಒರಗುವ ಕೈ ಎಂದು ಅಕ್ಕ ಅತ್ತ ಕಣ್ಣೂ ಹಾಯಿಸಲಿಲ್ಲ. ಮುಖದಲ್ಲಿ ಒಳ್ಳೆಯ ಕೆಲಸ ಮಾಡುತ್ತಿರುವವನ ನೆಮ್ಮದಿ.

ಸುಟ್ಟ ವಾಸನೆ ಹಿಂದಿನಿಂದ ಮೆಲ್ಲಗೆ ಏಳುತ್ತಿತ್ತು.

“ಭಾವ, ಅದೇನು ಕೈಯಲ್ಲಿ?”

“ಯಾವುದು? ಇದಾ?” ಅವನು ಗಾಬರಿಯಾಗಲಿಲ್ಲ. ಅದೇ ಹೆಚ್ಚು ಸಿಟ್ಟು ತರಿಸುವಂತಿತ್ತು. “ಇದು ಹಿಡಿತಕ್ಕೆ. ಇವಳು ಬಿಟ್ಟರೆ ಎಲ್ಲಿಗೆ ಹೋಗ್ತಾಳೋ! ನಾನು ಇಷ್ಟು ಹಿಡಿದುಕೊಂಡಿದ್ದರೆ ಗಾಡಿ ಒಂದು ಹದದಲ್ಲಿ ಇರುತ್ತೆ.”

“ದಿನಾ ಹಿಡೀತೀರಾ?”

“ಮತ್ತೆ? ನಾವಿಬ್ಬರೂ ಓಡಿಸೋದು ಅಂತ ಹೇಳ್ತಾನೇ ಇದ್ದೀನಲ್ಲ.”

ಅಕ್ಕ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎದುರಿಗಿದ್ದ ಮೀಟರುಗಳ ಕಡೆ ನೋಡಿದಳು. ಅಲ್ಲೊಂದು ಮೂಲೆಯಲ್ಲಿ ಕಪ್ಪು ಟೇಪಿನ ಚೂರು ಅಂಟಿಸಿತ್ತು. ಕಾರು ಕೊಂಡ ಹೊಸದರಲ್ಲಿ ಆ ಜಾಗದ ಕೆಂಪು ದೀಪ ಆಗಾಗ ಹತ್ತಿಕೊಳ್ಳುತ್ತಿತ್ತು. ‘ಹಳೇ ಕಾರಿನಲ್ಲಿ ಇದು ಸುಮ್ಮಸುಮ್ಮನೆ ಉರಿಯುತ್ತಂತೆ, ನೋಡಿ ನೋಡಿ ನೀನು ಹೆದರ್ತೀಯ’ ಎಂದು ಭಾವನೇ ಟೇಪು ಅಂಟಿಸಿದ್ದ. ಹೊಸದಾಗಿ ಕಲಿತವಳು, ನಂಬಿದ್ದಳು. ಗ್ಯಾರೇಜಿನ ಪಂಡಿತ ಕೂಡ ‘ಒಳ್ಳೆ ಕೆಲಸ ಮಾಡಿದ್ದೀರಿ ಸಾರ್’ ಎಂದು ಮೆಚ್ಚಿಕೊಂಡಿದ್ದ.

ಅಕ್ಕ ಉಗುರಿನಿಂದ ಟೇಪನ್ನು ಕೆರೆದು ಕಿತ್ತಳು. ದೀಪ ಕೆಂಪಗೆ ಉರಿಯುತ್ತಿತ್ತು.

“ಇಳಿಸಿ,” ಎಂದಳು.

ಅವನು ಹ್ಯಾಂಡ್‌ಬ್ರೇಕು ಇಳಿಸಿದ. ದೀಪ ಆರಿತು.

“ಎತ್ತಿ.”

“ಯಾಕೆ?”

“ಎತ್ತಿ, ಎತ್ತಿ. ನಿಧಾನ. ಹಾಂ, ಅಷ್ಟೇ.”

ದೀಪ ಹತ್ತಿತು.

“ಇಳಿಸಿ. ಇನ್ನೊಂದು ಸಲ ಎತ್ತಿ. ಚೆನ್ನಾಗಿ ಮಾಡ್ತಿದ್ದೀರಿ. ಇಳಿಸಿ.”

ತಂಗಿಗೆ ಆ ದನಿ ಗೊತ್ತಿತ್ತು. ಮೊಣಕೈ ಮಡಿಸಲಾರದ ಮುದುಕರಿಗೆ ಅಕ್ಕ ಹೇಳುವ ದನಿ ಅದು. ಸಿಟ್ಟಿಲ್ಲದ, ಅವಸರವಿಲ್ಲದ, ಎದುರಾಡಲು ಜಾಗವೇ ಕೊಡದ ದನಿ. ಭಾವ ಎತ್ತುತ್ತಿದ್ದ, ಇಳಿಸುತ್ತಿದ್ದ. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅವನ ಕಿವಿಗಳು ಕೆಂಪಾಗುತ್ತ ಬಂದವು.

“ಹಾಗಾದ್ರೆ ಇದು ಕೆಟ್ಟಿರಲಿಲ್ಲವಾ?” ಎಂದ ಕೊನೆಗೆ.

“ದೀಪ ಕೆಟ್ಟಿರಲಿಲ್ಲ,” ಎಂದಳು ಅಕ್ಕ. ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡಳು. ಈ ಸಲ ಅದು ಅವಳದೇ ಕಾಲಾಗಿತ್ತು. “ರೀ, ಇಳಿದು ಹಿಂದೆ ಹೋಗಿ ಕೂತ್ಕೊಳ್ಳಿ.”

“ರಸ್ತೇಲಿ ಯಾರಾದರೂ ನೋಡಿದರೆ...”

“ನೋಡ್ಲಿ. ಹೊತ್ತಾಯ್ತು, ನನ್ನ ಪೇಷಂಟು ಕಾಯ್ತಿದ್ದಾರೆ.”

ಅವನು ಊಟದ ಚೀಲ ಎತ್ತಿಕೊಂಡು ಇಳಿದ. ಒಂದು ಕ್ಷಣ ರಸ್ತೆಯಲ್ಲಿ, ಹಿಡಿಯಲು ಏನೂ ಇಲ್ಲದ ಕೈಯನ್ನು ಏನು ಮಾಡುವುದೆಂದು ತಿಳಿಯದವನಂತೆ ನಿಂತ. ತಂಗಿ ಮುಂದಿನ ಸೀಟಿಗೆ ಬಂದಳು. ತಪ್ಪಾಯಿತು ಎಂಬ ಒಂದು ಮಾತು ಅವನ ಬಾಯಿಂದ ಬಂದೀತೇನೋ ಎಂದು ಉಗ್ರಾಣದವರೆಗೂ ಕಿವಿಗೊಟ್ಟಳು. ಬಂದದ್ದು ಒಂದೇ ಮಾತು: “ಸ್ವಲ್ಪ ಜೋರಾಯ್ತು.”

“ಇಷ್ಟು ಬೇಕು, ಭಾವ,” ಎಂದಳು ತಂಗಿ, ಹಿಂದೆ ತಿರುಗದೆ.

ಅಕ್ಕ ಆ ಸಂಜೆಯೇ ಕಾರು ನೋಡಲು ಬರುವವರಿಗೆ ಫೋನು ಮಾಡಿ ಬರಬೇಡಿ ಎಂದಳು. ಗ್ಯಾರೇಜಿನವನು ಮೂರನೆಯ ಸಲ ಹಿಂದಿನ ಬ್ರೇಕು ಹಾಕಿಕೊಟ್ಟ. ಸಂಗತಿ ಕೇಳಿದ ಮೇಲೆ ‘ನನಗೆ ಮೊದಲೇ ಅನುಮಾನ ಇತ್ತು ಮೇಡಂ’ ಎಂದ. ಆ ಬ್ರೇಕು ಇವತ್ತಿಗೂ ಇದೆ.

ಭಾವ ಈಗಲೂ ಅದೇ ಉಗ್ರಾಣದಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಾನೆ, ಸಂಜೆ ಹಿಂದಿನ ಸೀಟಿನಲ್ಲಿ ಕೂತು ಬರುತ್ತಾನೆ.