ಬೆಂಕಿಪೊಟ್ಟಣದಷ್ಟಿದ್ದ ರೆಕಾರ್ಡರ್

ನನ್ನ ಮಗಳು ಆಕಾಶದಲ್ಲಿ ಗಳಿಸಿದ ಸಾವಿರ ಮೀಟರ್ ಎತ್ತರವನ್ನು ನಾನು ನನ್ನ ಬಲಗೈ ಹೆಬ್ಬೆರಳಿನಿಂದ ಒರೆಸಿ ಹಾಕಿದೆ. ಮಾತಿನ ಚಂದಕ್ಕೆ ಹೇಳುತ್ತಿಲ್ಲ. ನಿಜವಾಗಿಯೂ ಒರೆಸಿದೆ, ಹತ್ತು ಜನರ ಕಣ್ಣೆದುರಿಗೆ.

ಆಗ ನಾನು ನಾಗಪುರದ ಮದ್ದುಗುಂಡು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದೆ. ಗದಗಿನ ಕಡೆಯಿಂದ ಕೆಲಸಕ್ಕೆಂದು ಬಂದವನು ಅಲ್ಲಿಯವನೇ ಆಗಿಬಿಟ್ಟಿದ್ದೆ. ಭಾನುವಾರ ಬಂತೆಂದರೆ ಬುಟಿಬೋರಿ ದಾಟಿ ಒಂದಷ್ಟು ದೂರದಲ್ಲಿದ್ದ ಗ್ಲೈಡರ್ ಕ್ಲಬ್ಬಿಗೆ ಓಡುತ್ತಿದ್ದೆ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ನೆಲದ ಮೇಲಿನ ವಿಂಚ್ ಯಂತ್ರ ಉದ್ದನೆಯ ಹಗ್ಗದಿಂದ ಅದನ್ನು ಎಳೆದು ಮೇಲಕ್ಕೆ ಬಿಡುತ್ತದೆ, ಅಲ್ಲಿಂದ ಮುಂದೆ ಮೇಲೇಳುವ ಬಿಸಿಗಾಳಿಯನ್ನು ಹುಡುಕಿಕೊಂಡು ಸುತ್ತುತ್ತ ಹಾರಬೇಕು. ನನ್ನ ಎಡಗಣ್ಣು ಮಂದ, ಹಾಗಾಗಿ ಹಾರಲು ನನಗೆ ಪರವಾನಗಿ ಸಿಗಲಿಲ್ಲ. ಆದರೆ ಕ್ಲಬ್ಬಿನ ಅಷ್ಟೂ ಅಳತೆಯ ಯಂತ್ರಗಳು ನನ್ನ ಸುಪರ್ದಿಯಲ್ಲಿದ್ದವು. ಬೇರೆ ಯಾರಾದರೂ ಅವುಗಳ ಮೇಲೆ ಕೈಯಿಟ್ಟರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನನ್ನ ಸಿಟ್ಟಿನ ಬಗ್ಗೆ ನನ್ನ ಹೆಂಡತಿಯನ್ನು ಕೇಳಬೇಡಿ, ಆಕೆ ಬೇಗ ನಿಲ್ಲಿಸುವುದಿಲ್ಲ.

ಮಗಳು ಹಾರಿದಳು. ಚಿಕ್ಕಂದಿನಿಂದ ನನ್ನ ಸ್ಕೂಟರಿನ ಮುಂದೆ ನಿಂತು ಅಲ್ಲಿಗೆ ಬರುತ್ತಿದ್ದವಳು ಕಾಲೇಜು ಮುಗಿಸಿ ಬುಟಿಬೋರಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಸೇರಿದಳು. ಮೊದಲ ಸಂಬಳದಲ್ಲೇ ಹಾರಾಟ ಕಲಿಯಲು ಹೆಸರು ಹಚ್ಚಿದಳು. ಅವಳಿಗೆ ಬೇಕಾಗಿದ್ದದ್ದು ಬೆಳ್ಳಿ ಬ್ಯಾಡ್ಜ್. ಅದಕ್ಕೆ ಮೂರು ಕೆಲಸ ಆಗಬೇಕು: ಐದು ಗಂಟೆ ಕೆಳಗಿಳಿಯದೆ ಹಾರಬೇಕು, ಹಗ್ಗ ಬಿಟ್ಟ ಮೇಲೆ ಸಾವಿರ ಮೀಟರ್ ಏರಬೇಕು, ಐವತ್ತು ಕಿಲೋಮೀಟರ್ ದೂರ ಹೋಗಬೇಕು. ನಮ್ಮ ಕ್ಲಬ್ಬಿನಲ್ಲಿ ಅದುವರೆಗೆ ಯಾವ ಹುಡುಗಿಗೂ ಅದು ಬಂದಿರಲಿಲ್ಲ. ಐದು ಗಂಟೆಯ ಹಾರಾಟವನ್ನು ಮೊದಲ ವರ್ಷವೇ ಮುಗಿಸಿದಳು.

ಎತ್ತರಕ್ಕೆ ಸಾಕ್ಷಿ ಹೇಳಲು ನಮ್ಮಲ್ಲಿದ್ದದ್ದು ಹಳೆಯ ಕಾಲದ ಬ್ಯಾರೋಗ್ರಾಫ್, ಅರಗಿನ ಮುದ್ರೆ ಹಾಕಿದ ಪೆಟ್ಟಿಗೆಯಲ್ಲಿ ಗ್ಲೈಡರಿನೊಳಗೆ ಹೋಗುವಂಥದ್ದು. ಗಡಿಯಾರದಂತೆ ಕೀಲಿ ಕೊಟ್ಟರೆ ಒಂದು ಉರುಳೆ ತಿರುಗುತ್ತದೆ. ಉರುಳೆಗೆ ಸುತ್ತಿದ ತೆಳು ತಗಡಿನ ಹಾಳೆಗೆ ಮಸಿ ಹಿಡಿಸಿರಬೇಕು, ಆ ಮಸಿಯ ಮೇಲೆ ಸೂಜಿ ಗೀರುತ್ತ ಏರಿಳಿತವನ್ನು ಬರೆಯುತ್ತದೆ. ಮಸಿಗೆ ಕರ್ಪೂರವೇ ಸರಿ. ದೇವರ ಮನೆಯ ಕರ್ಪೂರ ತಂದು, ಕೂಸಿಗೆ ಕಾಡಿಗೆ ಮಾಡುವ ಹಾಗೆ ಹೊಗೆ ಹಿಡಿಸುತ್ತಿದ್ದೆ. ಆ ದಿನ ಮಗಳು ಸಾವಿರಕ್ಕಿಂತ ಬಹಳ ಮೇಲೆ ಹೋಗಿ ಬಂದಳು. ಹಾರಾಟ ಕಲಿಸುತ್ತಿದ್ದ ನಮ್ಮ ಮುಖ್ಯ ಶಿಕ್ಷಕರು ಸೈನ್ಯದಿಂದ ನಿವೃತ್ತರಾದ ಮರಾಠಿ ಗೃಹಸ್ಥರು. ಅವರು ಪೆಟ್ಟಿಗೆಯ ಅರಗು ಒಡೆದರು, ಉರುಳೆಯನ್ನು ನಾನು ಹೊರತೆಗೆದೆ. ಮೇ ತಿಂಗಳ ಬಿಸಿಲು, ಕೈಯೆಲ್ಲ ಬೆವರು. ಹೆಬ್ಬೆರಳು ಜಾರಿತು. ಅವಳು ಎಲ್ಲಿಂದ ಏರಲು ಶುರುಮಾಡಿದಳು ಎಂಬ ಗುರುತಿದ್ದ ಜಾಗದಲ್ಲೇ ಮಸಿ ಅಳಿಸಿಹೋಯಿತು. ಎಲ್ಲಿಂದ ಎಂದು ಗೊತ್ತಿಲ್ಲದಿದ್ದರೆ ಎಷ್ಟು ಏರಿದಳು ಎಂದು ಹೇಳುವುದು ಹೇಗೆ?

ಅವಳು ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿಟ್ಟು ಗ್ಲೈಡರ್ ತಳ್ಳಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ಹಾರಾಟವನ್ನು ಅವಳಿಗೆ ಹೇಗಾದರೂ ಮಾಡಿ ವಾಪಸು ಕೊಡಬೇಕು ಎಂಬುದೊಂದೇ ತಲೆಯಲ್ಲಿ ಕೊರೆಯತೊಡಗಿತು.

ಮುಂದಿನ ಬೇಸಿಗೆ ಶುರುವಾಗುತ್ತಿದ್ದಂತೆ ಕ್ಲಬ್ಬಿನ ಸಭೆಯಲ್ಲಿ ನಾನೇ ಎದ್ದು ನಿಂತು, ಇನ್ನು ಈ ಮಸಿಯ ಸಹವಾಸ ಸಾಕು, ಉಪಗ್ರಹದಿಂದ ಜಾಗ ಗುರುತಿಸಿ ಬರೆದಿಡುವ ರೆಕಾರ್ಡರ್ ಒಂದು ಬೇಕು ಎಂದೆ. ಅಂಥವು ಬಂದು ಕೆಲವು ವರ್ಷಗಳಾಗಿದ್ದವು. ವಿದೇಶದ ದೊಡ್ಡ ಯಂತ್ರದ ಚಿತ್ರವನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರು, ಬೆಲೆ ನೋಡಿದೊಡನೆ ಕಾಗದ ನನ್ನ ಕೈಗೇ ವಾಪಸು ಬಂತು. ವಿಂಚ್ ಹಗ್ಗವನ್ನೇ ಗಂಟು ಹಾಕಿ ಹಾಕಿ ಬಳಸುತ್ತಿದ್ದ ಕ್ಲಬ್ಬು ನಮ್ಮದು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಸದಸ್ಯರೊಬ್ಬರು ತಮ್ಮ ಕಾರಿನಲ್ಲಿದ್ದ ದಾರಿ ತೋರಿಸುವ ಕೈಯಳತೆಯ ಯಂತ್ರವನ್ನು ಮೇಜಿನ ಮೇಲಿಟ್ಟರು. ಬಣ್ಣದ ಪರದೆ, ನಕಾಶೆ, ಎಲ್ಲ ಇತ್ತು. ಇಂಥದ್ದೇ ಇನ್ನೊಂದು ಕೊಂಡರಾಯಿತು ಎಂದರು. ನಾನು ಪುಣೆಯ ಗೆಳೆಯನಿಂದ ಹದಿನೈದು ದಿನಕ್ಕೆಂದು ಕಡ ತಂದಿದ್ದನ್ನು ಜೇಬಿನಿಂದ ತೆಗೆದೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ಪರದೆ ಇಲ್ಲ, ಗುಂಡಿ ಒಂದೇ, ಮಿಣುಕುವ ದೀಪ ಒಂದೇ. ಸಣ್ಣ ಬ್ಯಾಡ್ಜುಗಳಿಗೆ ಅಂಥ ಅಗ್ಗದ ಯಂತ್ರವೂ ನಡೆಯುತ್ತದೆ ಎಂದು ಆಗಷ್ಟೇ ನಿಯಮ ಸಡಿಲಿಸಿದ್ದರು. ಅದನ್ನು ನೋಡಿ ಬ್ಯಾಂಕಿನವರು, ಇದು ಗೊಂಬೆಯ ಅಂಗಡಿಯದೋ ಎಂದು ನಕ್ಕರು. ನನಗೆ ತಲೆ ಕೆಟ್ಟಿತು. ಎರಡನ್ನೂ ಹದಿನೈದು ದಿನ ನನ್ನ ಕೈಗೆ ಕೊಡಿ, ಆಮೇಲೆ ನಗೋಣ ಎಂದೆ.

ಗ್ಲೈಡರಿನ ಗಾಜಿನ ಮುಚ್ಚಳದ ಒಳಗೆ ನಾಗಪುರದ ಬೇಸಿಗೆ ಹೇಗಿರುತ್ತದೆಂದು ಕೂತವರಿಗೇ ಗೊತ್ತು. ಮನೀಶ್ ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಹೆಂಡತಿ ಹಳೆಯ ಸೀರೆ ಹಾಸಿ ಸಂಡಿಗೆ ಹಾಕಿದ್ದಳು. ಅದೇ ಸೀರೆಯ ಒಂದು ಮೂಲೆಯಲ್ಲಿ ಎರಡೂ ಯಂತ್ರಗಳನ್ನಿಟ್ಟು, ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿಗಳನ್ನು ಮೇಲೆ ಬೋರಲು ಹಾಕಿದೆ. ಭರಣಿ ಖಾಲಿ ಮಾಡಿಸಿದ್ದಕ್ಕೆ ಆಕೆ ಮೂರು ದಿನ ಮಾತು ಬಿಟ್ಟಳು. ಬಣ್ಣದ ಪರದೆ ಒಂದು ಗಂಟೆಯೊಳಗೆ ಕಪ್ಪಾಗಿ, ಯಂತ್ರ ತಾನಾಗಿಯೇ ಆರಿಹೋಯಿತು. ಪುಟ್ಟದು ಸಂಜೆಯ ತನಕ ಮಿಣುಕುತ್ತಲೇ ಇತ್ತು. ಆಮೇಲೆ ಅದನ್ನು ಸ್ಕೂಟರಿಗೆ ಕಟ್ಟಿ ಕಂಡಕಂಡ ತಗ್ಗಿನಲ್ಲೆಲ್ಲ ಹಾರಿಸಿದೆ. ಕಾರ್ಖಾನೆಗೆ ಹೋದೆ, ಬಂದೆ, ತರಕಾರಿಗೆ ಹೋದೆ. ಎಲ್ಲಿ ನಿಂತೆ, ಎಲ್ಲಿ ತಿರುಗಿದೆ, ಅಷ್ಟೂ ಬರೋಬರಿ ಬರೆದಿಟ್ಟಿತ್ತು. ಪೇಟೆಯಲ್ಲಿ ಕಚೋರಿ ತಿನ್ನಲು ನಿಂತಿದ್ದು ಕೂಡ ಮನೆಯಲ್ಲಿ ಗೊತ್ತಾಯಿತು.

ಕೊನೆಯ ಪರೀಕ್ಷೆ ಮಗಳದು. ಯಂತ್ರ ಬರೆದ ಪ್ರತಿ ಹಾರಾಟದ ಕೊನೆಯಲ್ಲಿ ಅಕ್ಷರಗಳ ಒಂದು ಉದ್ದ ಸಾಲಿರುತ್ತದೆ. ಅದು ಅರಗಿನ ಮುದ್ರೆಯಿದ್ದ ಹಾಗೆ; ಯಾರಾದರೂ ಒಳಗಿನ ಒಂದು ಅಂಕಿ ತಿದ್ದಿದರೂ ಮುದ್ರೆ ಒಡೆದಿದೆ ಎಂದು ಪರೀಕ್ಷಿಸಿದಾಗ ಗೊತ್ತಾಗುತ್ತದೆ. ಹಾಗೆಂದು ಪುಸ್ತಿಕೆಯಲ್ಲಿ ಬರೆದಿತ್ತು. ಬರೆದದ್ದನ್ನು ನಂಬುವ ಜಾತಿಯವಳಲ್ಲ ಅವಳು. ಇಡೀ ಭಾನುವಾರ ಕಂಪ್ಯೂಟರಿನ ಮುಂದೆ ಕೂತು, ನನ್ನ ಸ್ಕೂಟರ್ ಪ್ರಯಾಣವನ್ನು ಒಂದಿಷ್ಟು ಉದ್ದ ಮಾಡಲು ನೋಡಿದಳು. ಏನೇ ತಿದ್ದಿದರೂ ಸಿಕ್ಕಿಬಿದ್ದಳು. ಬ್ಯಾಂಕಿನವರ ಯಂತ್ರ ಬರೆದಿದ್ದ ದಾರಿಯನ್ನು ಮಾತ್ರ ಐದೇ ನಿಮಿಷದಲ್ಲಿ ಗೋವಾದವರೆಗೆ ಎಳೆದಳು. "ಅಪ್ಪಾ, ಸಣ್ಣದ ತಗೋರಿ. ಇದಕ್ಕ ಮೋಸ ಮಾಡಾಕ ನನ್ನ ಕೈಲೆ ಆಗವಲ್ದು" ಎಂದಳು.

ಅಷ್ಟೂ ಕಾಗದ ಜೋಡಿಸಿಕೊಂಡು ಹೋಗಿ ಸಭೆಯ ಮುಂದಿಟ್ಟೆ. ಯಾರೂ ನಗಲಿಲ್ಲ. ಹಾಗೆ ನಮ್ಮ ಕ್ಲಬ್ಬಿಗೆ ಬೆಂಕಿಪೊಟ್ಟಣ ಬಂತು. ಮೊದಲ ಹಾರಾಟಕ್ಕೆ ಅದನ್ನು ನಾನೇ ಒಯ್ದು ಗ್ಲೈಡರಿನಲ್ಲಿ ಕಟ್ಟಿದಾಗ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ನಿಂತದ್ದೇ ದೊಡ್ಡದು.

ಮಗಳು ದೂರ ಮತ್ತು ಎತ್ತರ ಎರಡನ್ನೂ ಒಂದೇ ಹಾರಾಟದಲ್ಲಿ ಮುಗಿಸುತ್ತೇನೆಂದಳು. ಗುರಿ ನಾಗಪುರದ ಆಚೆ ಉತ್ತರಕ್ಕಿದ್ದ ಖಾಪರಖೇಡಾದ ವಿದ್ಯುತ್ ಸ್ಥಾವರದ ಚಿಮಣಿ. ನಮ್ಮ ಮೈದಾನದಿಂದ ಅದು ಐವತ್ತು ಕಿಲೋಮೀಟರಿಗಿಂತ ಕೊಂಚವೇ ಹೆಚ್ಚು. ವಿಮಾನ ನಿಲ್ದಾಣದವರ ಅನುಮತಿ ಪಡೆದು, ಊರನ್ನು ಪೂರ್ವಕ್ಕೆ ಬಳಸಿಕೊಂಡು ಹೋಗಿ, ಚಿಮಣಿಯ ನೆತ್ತಿಯ ಮೇಲೆ ತಿರುಗಿ ಬರಬೇಕು. ಆ ಸ್ಥಾವರದಲ್ಲೇ ಕೆಲಸಕ್ಕಿದ್ದ ವಿಜಾಪುರದ ಗೆಳೆಯನೊಬ್ಬ ನನಗಿದ್ದ. ಅಗ್ಗದ ಯಂತ್ರ ಕೈಕೊಟ್ಟರೆ ಇರಲಿ ಎಂದು ಮುಖ್ಯ ಶಿಕ್ಷಕರು ಹಳೆಯ ಪದ್ಧತಿಯ ಸಾಕ್ಷಿ ಕಾಗದವನ್ನೂ ಅವನ ಕೈಗೆ ಕೊಟ್ಟಿದ್ದರು. ಗ್ಲೈಡರ್ ತನ್ನ ತಲೆಯ ಮೇಲೆ ಬಂದದ್ದನ್ನು ನೋಡಿದರೆ ಅವನು ಸಹಿ ಹಾಕಬೇಕು, ಅಷ್ಟೇ.

ಹತ್ತೂವರೆಗೆ ವಿಂಚ್ ಅವಳನ್ನು ಎಳೆದು ಬಿಟ್ಟಿತು. ಎರಡು ಸಲ ಕೆಳಗೆ ಜಾರಿ, ಮೂರನೆಯ ಸುತ್ತಿನಲ್ಲಿ ಗಾಳಿ ಹಿಡಿದಳು. ಆಮೇಲೆ ಕಾಣಲಿಲ್ಲ. ನಾನು ಬೇವಿನ ಗಿಡದ ಕೆಳಗೆ ಕೂತೆ, ಎದ್ದೆ, ಮತ್ತೆ ಕೂತೆ. ಹನ್ನೆರಡರ ಸುಮಾರಿಗೆ ಗೆಳೆಯನ ಫೋನು ಬಂತು. ಬಂದಳು, ಚಿಮಣಿಯ ಹೊಗೆಯಲ್ಲೇ ಸುತ್ತುಹಾಕಿದಳು, ಕಣ್ಣಾರೆ ಕಂಡೆ ಎಂದ. ನಾನು ಮೈದಾನದಲ್ಲಿ ಕುಣಿದೆ ಎಂದು ಈಗಲೂ ಜನ ಆಡಿಕೊಳ್ಳುತ್ತಾರೆ. ಕುಣಿದೆ, ನಿಜ. ಮಧ್ಯಾಹ್ನ ಅವಳು ಬಂದು ಹೂವಿನಂತೆ ಇಳಿದಳು. ಮುಖ ಕೆಂಪಾಗಿ, ತುಟಿ ಒಡೆದು, ಕಣ್ಣು ಮಾತ್ರ ನಗುತ್ತಿದ್ದವು.

ಸಂಜೆ ಹೊತ್ತಿಗೆ ಗೆಳೆಯನೂ ಸಹಿ ಹಾಕಿದ ಕಾಗದ, ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿಯ ಡಬ್ಬಿ ಹಿಡಿದುಕೊಂಡು ಮೋಟಾರ್‌ಸೈಕಲ್ಲಿನ ಮೇಲೆ ಬಂದ. ಕ್ಲಬ್ಬಿನ ಕಚೇರಿಯ ಕಂಪ್ಯೂಟರಿಗೆ ಯಂತ್ರವನ್ನು ಹಚ್ಚಿದೆವು. ಮೊದಲು ಎತ್ತರ. ಎಲ್ಲಿಂದ ಏರಿದಳು, ಎಲ್ಲಿಗೆ ಮುಟ್ಟಿದಳು, ಎರಡೂ ನಿಚ್ಚಳ. ಸಾವಿರಕ್ಕಿಂತ ಎಷ್ಟೋ ಹೆಚ್ಚು. ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಬರ್ಫಿ ಹಂಚಲು ಶುರುವಾಯಿತು. ಆಮೇಲೆ ದೂರ. ಮೈದಾನದಿಂದ ಐವತ್ತು ಕಿಲೋಮೀಟರಿಗೆ ಹಾಕಿದ ಗೆರೆಯ ಹತ್ತಿರ ಅವಳ ದಾರಿ ಹೋಗಿ ಹೋಗಿ, ಸುತ್ತಿ, ತಿರುಗಿಬಿಟ್ಟಿತ್ತು. ಗೆರೆ ಮುಟ್ಟಿರಲಿಲ್ಲ. ಕಡಿಮೆ ಬಿದ್ದದ್ದು ಒಂದು ಕಿಲೋಮೀಟರ್ ಕೂಡ ಇಲ್ಲ.

ಬರ್ಫಿ ಹಿಡಿದವರ ಕೈ ಹಾಗೇ ನಿಂತಿತು. ಮಗಳು ಪರದೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದಳು. ಬ್ಯಾಂಕಿನವರು ಪಾಪ, ಅವಳ ಮೇಲಿನ ಪ್ರೀತಿಗೇ ಹೇಳಿದರು: ಇಷ್ಟು ಅಗ್ಗದ ಯಂತ್ರ, ತಪ್ಪು ತೋರಿಸಿರಬೇಕು, ಕಣ್ಣಾರೆ ಕಂಡ ಮನುಷ್ಯನೇ ಇದ್ದಾನಲ್ಲ. ಗೆಳೆಯ ಹೌದೆಂದು ತಲೆಯಾಡಿಸಿದ. ಅವನು ಸುಳ್ಳು ಹೇಳುವವನಲ್ಲ. ಮುಖ್ಯ ಶಿಕ್ಷಕರು ಸಾಕ್ಷಿ ಕಾಗದವನ್ನು ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು. ಹಳೆಯ ಪದ್ಧತಿ ಇನ್ನೂ ರದ್ದಾಗಿಲ್ಲ, ದೂರಕ್ಕೆ ಇದನ್ನೇ ಬ್ಯಾಡ್ಜ್ ಕೊಡುವವರಿಗೆ ಕಳಿಸಬಹುದು. ಯಂತ್ರ ಆರಿಸಿದವರು ನೀವು, ಅದರ ಮೇಲೆ ನಿಮಗೆ ಸಂಶಯ ಇದೆಯೇ, ಅದೊಂದು ಹೇಳಿ ಎಂದು ಹಿಂದಿಯಲ್ಲಿ ಕೇಳಿದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಂಡಿಗೆಯ ಜೊತೆ ಬಿಸಿಲಲ್ಲಿ ಬೇಯಿಸಿ, ತಗ್ಗುದಿಣ್ಣೆಯಲ್ಲಿ ಕುಣಿಸಿ ನಾನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರೀಕ್ಷೆ ಮಾಡಿದ ಯಂತ್ರ. ಸಂಶಯ ಇದೆ ಅಂದರೆ ಮುಗಿಯಿತು, ಮಗಳಿಗೆ ಬ್ಯಾಡ್ಜು. ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಮಗಳು ಹಾರಾಟದ ರಿಜಿಸ್ಟರನ್ನು ಎಳೆದುಕೊಂಡು ಬರೆಯುತ್ತಿದ್ದಳು. ಎತ್ತರ, ಆಗಿದೆ. ದೂರ, ಆಗಿಲ್ಲ. ಕೆಳಗೆ ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದಳು. ಆಮೇಲೆ ಗೆಳೆಯನ ಕಡೆ ನೋಡಿ ಹೇಳಿದಳು: "ಕಾಕಾ, ನೀವು ನೋಡಿದ್ದು ಖರೆ ಐತ್ರಿ. ಗಾಳಿಗೆ ಹೊಗಿ ಈ ಕಡೆ ವಾಲಿತ್ತು. ಹೊಗಿಯೊಳಗ ಚಲೋ ಎತ್ತರ ಸಿಕ್ತು, ಅದ ಖುಷಿಯೊಳಗ ಅಲ್ಲೇ ತಿರುಗಿಬಿಟ್ಟೆ. ಚಿಮಣಿ ಇನ್ನೂ ಮುಂದ ಇತ್ತು."

ಮುಖ್ಯ ಶಿಕ್ಷಕರು ಸಾಕ್ಷಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಎದ್ದು ನಿಂತು, ಇಪ್ಪತ್ನಾಲ್ಕು ವರ್ಷದ ಆ ಹುಡುಗಿಗೆ ಸೈನ್ಯದವರ ಹಾಗೆ ಸಲ್ಯೂಟ್ ಹೊಡೆದರು. ಯಾರೋ ಅವಳ ಬಾಯಿಗೆ ಬರ್ಫಿ ತುರುಕಿದರು. ಮುಂದಿನ ಬೇಸಿಗೆಯಲ್ಲಿ ಅವಳು ಚಿಮಣಿಯನ್ನು ದಾಟಿ ಸಾಕಷ್ಟು ಮುಂದಕ್ಕೆ ಹೋಗಿಯೇ ತಿರುಗಿದಳು, ಬ್ಯಾಡ್ಜೂ ಬಂತು, ಕ್ಲಬ್ಬಿನಲ್ಲಿ ಅವಳ ಫೋಟೊ ಹಾಕಿದರು. ಅದನ್ನು ನೋಡಿ ನನಗೆ ಸಂತೋಷವಾಯಿತು. ಆದರೆ ನನ್ನ ಜಂಬವೆಲ್ಲ ಇರುವುದು ಅವಳು ದೂರ ಆಗಿಲ್ಲ ಎಂದು ಬರೆದ ಆ ದಿನದ ಮೇಲೆ.

ಆ ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟಾಗ ಅವಳು ಹಿಂದೆ ಕೂತಿದ್ದಳು. ಬುಟಿಬೋರಿಯಲ್ಲಿ ಪಾಳಿ ಬಿಟ್ಟ ಹೊತ್ತು, ರಸ್ತೆಯ ತುಂಬ ಬಸ್ಸು. ಆ ಗದ್ದಲ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ತಿರುಗಿ ನೋಡದೆಯೇ ಹೇಳಿದೆ, "ಯಂತ್ರ ಸುಳ್ಳಿರಬೇಕು ಅಂತ ಹೇಳಾಕ ಹೊಂಟಿದ್ದೆ ನಾ."

"ಗೊತ್ತಿತ್ತು" ಎಂದಳು. "ನೀವು ಹಂಗ ಅಂದುಬಿಟ್ಟಿದ್ರ, ನಮ್ಮಪ್ಪ ಹೇಳಿದ್ದು ಸುಳ್ಳು ಅಂತ ಎಲ್ಲಾರ ಮುಂದ ನಾ ಹೇಳಬೇಕಾಗ್ತಿತ್ತು. ಅದಕ್ಕ ಜಲ್ದಿ ಬರದುಬಿಟ್ಟೆ."