ಕುರ್ಚಿ ಸೀನು

ಅವರ ಕೆಳತುಟಿಯ ನಟ್ಟನಡುವೆ ಒಂದು ಸಣ್ಣ ಕುಳಿ ಇತ್ತು. ವರ್ಷಗಟ್ಟಲೆ ಸ್ಟೀಲಿನ ಸೀಟಿ ಕೂತು ಕೂತು ಬಿದ್ದ ಗುರುತು. ಸೀಟಿ ಬಾಯಲ್ಲಿ ಇಲ್ಲದಾಗಲೂ ತುಟಿ ಅದಕ್ಕೆ ಜಾಗ ಹಿಡಿದಿಟ್ಟಂತೆ ತುಸು ತೆರೆದೇ ಇರುತ್ತಿತ್ತು. ಕಪ್ಪು ದಾರಕ್ಕೆ ಕಟ್ಟಿದ ಆ ಸೀಟಿ ಮದುವೆಮನೆಗೆ ಹೋದರೂ ಅವರ ಕೊರಳಲ್ಲೇ. ಕಲ್ಲೋಳಿಯ ಹುಡುಗರೆಲ್ಲ ಅವರನ್ನು ಸೀಟಿ ಮಾಸ್ತರ ಅನ್ನುತ್ತಿದ್ದರು. ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರರು ಅವರು. ನನಗೆ ವಾದ ಮಾಡುವುದನ್ನು ಕಲಿಸಿದವರು.

ಪಿ.ಟಿ. ಮಾಸ್ತರರಿಗೂ ಚರ್ಚಾಸ್ಪರ್ಧೆಗೂ ಏನು ಸಂಬಂಧ ಎಂದು ಯಾರಾದರೂ ತಕರಾರು ತೆಗೆಯಬಹುದು. ತಕರಾರು ನ್ಯಾಯವಾದದ್ದೇ, ಸಂಬಂಧ ಇರಲಿಲ್ಲ. ಸ್ಪರ್ಧೆಗೆ ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಇಳಿಯಲು ಕನ್ನಡ ಮಾಸ್ತರರಿಗೆ ಮಂಡಿನೋವು, ಇಂಗ್ಲಿಷ್ ಟೀಚರಿಗೆ ಕೈಕೂಸು. ಖೊಖೊ ತಂಡವನ್ನು ಊರೂರು ತಿರುಗಿಸುವವರು ಹೇಗೂ ಇವರೇ, ಚರ್ಚೆಯವರನ್ನೂ ಇವರ ಬೆನ್ನಿಗೆ ಹಚ್ಚಿದರು.

"ಓಡಾಕ ಕಲಸಾಂವ ನಾ. ಮಾತಾಡಾಕ ಹೆಂಗ ಕಲಸಲಿ?" ಎಂದು ಮೊದಲ ದಿನ ನಮ್ಮನ್ನೇ ಕೇಳಿದರು. ಆಮೇಲೆ ತಾವೇ ತಲೆ ಕೆರೆದುಕೊಂಡು, "ನಡೀರಿ ನಮ್ಮ ಮನಿಗೆ. ಸಿನಿಮಾ ನೋಡೂಣು" ಎಂದರು.

ಬೇರೆಯವರ ಮನೆಯ ಗಾಜಿನ ಕಪಾಟಿನಲ್ಲಿ ಕಪ್ಪು-ಬಸಿ, ಬೊಂಬೆ, ಗೆದ್ದ ಕಪ್ಪುಗಳು ಇರುತ್ತವೆ. ಇವರ ಕಪಾಟಿನ ತುಂಬ ವಿಡಿಯೋ ಕ್ಯಾಸೆಟ್ಟುಗಳು, ಮೇಲಿನ ಹಲಗೆಯಲ್ಲಿ ಸಿ.ಡಿ.ಗಳು. ಎಲ್ಲವೂ ಒಂದೇ ಜಾತಿಯವು, ಹಳೆಯ ಕಾಲದ ಗೂಢಚಾರರ ಹೊಡೆದಾಟದ ಸಿನಿಮಾಗಳು. ಹೆಚ್ಚಿನವು ಇಂಗ್ಲಿಷ್, ಕೆಲವು ಹಿಂದಿಗೆ ಡಬ್ ಆದವು. ಗೋಕಾಕದಲ್ಲಿ ಕ್ಯಾಸೆಟ್ ಬಾಡಿಗೆ ಕೊಡುವ ಅಂಗಡಿಯೊಂದು ಮುಚ್ಚಿದಾಗ, ರದ್ದಿಗೆ ಹೋಗಲಿದ್ದ ಇವನ್ನೆಲ್ಲ ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಕೊಂಡು ತಂದಿದ್ದರಂತೆ.

"ಬಂಗಾರದ ಅಂಗಡಿ ಮುಚ್ಚತೈತಿ ಅಂದಿದ್ರೂ ಇವ್ರು ಇಷ್ಟ ಓಡ್ತಿದ್ದಿಲ್ಲ" ಎಂದು ಅವರ ಹೆಂಡತಿ ಚಹಾ ತಂದಿಡುತ್ತ ಹೇಳಿದರು. ಅವರನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಮಳೆಗಾಲದಲ್ಲಿ ಕ್ಯಾಸೆಟ್ಟಿನ ರೀಲಿಗೆ ಬೂಸ್ಟು ಹಿಡಿಯುತ್ತದೆ. ಮಳೆ ಮುಗಿದದ್ದೇ ಅಂಗಳದಲ್ಲಿ ಹೊರಸು ಹಾಕಿ, ಹಪ್ಪಳ ಹರವಿದಂತೆ ಎಲ್ಲವನ್ನೂ ಹರವಿ ಎಳೆಬಿಸಿಲು ತೋರಿಸುವುದು ಕಾಕುವಿನ ಪಾಲಿನ ಕೆಲಸವಾಗಿತ್ತು. ಬೈಯುತ್ತಲೇ ಮಾಡುತ್ತಿದ್ದರು, ಒಂದು ವರ್ಷವೂ ತಪ್ಪಿಸಲಿಲ್ಲ.

ಆ ಸಿನಿಮಾಗಳಲ್ಲೆಲ್ಲ ಒಂದು ಸೀನು ಬರುತ್ತದೆ. ಗೂಢಚಾರ ಸಿಕ್ಕಿಬಿದ್ದಿದ್ದಾನೆ. ಅವನನ್ನು ಕುರ್ಚಿಗೆ ಕಟ್ಟಿದ್ದಾರೆ. ವಿಲನ್ ಅವನನ್ನು ಸುಮ್ಮನೆ ಕೊಂದು ಮುಗಿಸುವುದು ಬಿಟ್ಟು, ಜಗತ್ತನ್ನು ತಾನು ಯಾಕೆ ಆಳಬೇಕು ಎಂದು ಅವನ ಸುತ್ತ ತಿರುಗುತ್ತ ವಿವರಿಸುತ್ತಾನೆ. ಮಾಸ್ತರರು ಇದಕ್ಕೆ ಕುರ್ಚಿ ಸೀನು ಎಂದು ಹೆಸರಿಟ್ಟಿದ್ದರು. ಅದು ಬಂದದ್ದೇ ಟಿ.ವಿ.ಯ ದನಿ ಪೂರ್ತಿ ಇಳಿಸಿಬಿಡುತ್ತಿದ್ದರು. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೇ. ಪರದೆಯ ಮೇಲೆ ವಿಲನ್‌ನ ಬಾಯಿ ಆಡುತ್ತಿದ್ದಂತೆ ನಮ್ಮಲ್ಲಿ ಒಬ್ಬರು ಅವನ ಪರವಾಗಿ ವಾದ ಹೂಡಬೇಕು. ಇನ್ನೊಬ್ಬರು ನಿಜವಾದ ಕುರ್ಚಿಯ ಮೇಲೆ ಕೂತು ಉತ್ತರ ಕೊಡಬೇಕು. ನನಗೆ ಯಾವಾಗಲೂ ವಿಲನ್ ಪಾಲು.

"ನಾನ ಯಾಕ್ರಿ ಸರ್ರ ಪ್ರತಿಸಲ?"

"ಒಳ್ಳೇವನ ಪರ ಯಾರ ಬೇಕಾದಾವ್ರು ಮಾತಾಡ್ತಾರ, ಜಗಳಗಂಟಿ. ನೀ ಕೆಟ್ಟವನ ಪರ ಗೆದ್ದ ತೋರಸು."

ನಾನು ಮಾತಾಡುವಾಗ ಬೆರಳು ತೋರಿಸುತ್ತಿದ್ದೆ. ಕುರಿ ಕಾಯುವ ಮನೆಯವಳು, ದೂರ ನಿಂತವರಿಗೆ ಕೈ ಬೀಸಿ ಕೂಗಿಯೇ ಅಭ್ಯಾಸ. ಒಂದು ದಿನ ಮಾಸ್ತರರು ಹೆಗಲ ಮೇಲಿನ ಟವೆಲಿನಿಂದ ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಬಿಟ್ಟರು. "ಈಗ ಬರೇ ಬಾಯಿಲೆ ಹೊಡಿ ನೋಡೂಣು." ಕೈ ಕಟ್ಟಿದ ಮೇಲೆ ಮಾತು ತಾನಾಗಿ ಮೊನಚಾಯಿತು. ಈಗಲೂ ಕೋರ್ಟಿನಲ್ಲಿ ಎದುರು ವಕೀಲರು ರೇಗಿಸಿದಾಗ ನನ್ನ ಕೈಗಳು ಹಿಂದಕ್ಕೆ ಹೋಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಕುರ್ಚಿ ಸೀನಿನ ಕೊನೆಯಲ್ಲಿ ಗೂಢಚಾರ ತನ್ನ ಕೈಗಡಿಯಾರದಿಂದ ಸಣ್ಣ ತಂತಿಯೊಂದನ್ನು ಎಳೆದು ಹಗ್ಗ ಕತ್ತರಿಸುತ್ತಾನೆ. ನನಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲ.

"ತಂತಿ ಮೊದಲ ತಗದಿದ್ರ ಇಷ್ಟೆಲ್ಲಾ ಬಡಿಸಿಕೊಳ್ಳೂದು ತಪ್ಪತಿತ್ತಲ್ರಿ ಸರ್ರ?"

"ಮೊದಲ ತಗದ್ರ ಕಸಗೊಂತಾರ. ಗಟ್ಟಿ ಮಾತು ಕೊನೀಗಿರ್ಲಿ. ಎದುರಿನಾಂವಗ ಉತ್ತರಾ ಹುಡುಕಾಕ ಟೈಮ್ ಉಳೀಬಾರ್ದು."

ಅತ್ತು ಗೆಲ್ಲುವುದು ಅವರಿಗೆ ಆಗಿಬರುತ್ತಿರಲಿಲ್ಲ. ನಮ್ಮ ತಂಡದ ಹುಡುಗಿಯೊಬ್ಬಳು ವೇದಿಕೆಯ ಮೇಲೆ ಕಣ್ಣೀರು ಹಾಕಿ ಬಹುಮಾನ ತಂದಾಗ, "ಮಾರ್ಕ್ಸ್ ಬಂದ್ವು, ವಾದಾ ಬರಲಿಲ್ಲ" ಎಂದಷ್ಟೇ ಹೇಳಿದರು. ಅವಳು ಒಂದು ವಾರ ಅವರ ಜೊತೆ ಮಾತು ಬಿಟ್ಟಳು.

ಹುಕ್ಕೇರಿಯ ಸ್ಪರ್ಧೆಯಲ್ಲಿ ಎಡವಿದವಳು ನಾನು. ಚರ್ಚಾಸ್ಪರ್ಧೆಯಲ್ಲಿ ಗಂಟೆ ಒಂದು ಸಲ ಹೊಡೆದರೆ ಒಂದು ನಿಮಿಷ ಉಳಿದಿದೆ ಎಂದರ್ಥ, ಎರಡು ಹೊಡೆದರೆ ಮಾತು ಮುಗಿಸಿ ಕೂರಬೇಕು. ನಾನು ಎರಡು ಹೊಡೆದ ಮೇಲೂ ಮಾತಾಡಿದೆ. ತೀರ್ಪುಗಾರರು ಮೂರನೆಯ ಸಲ ಹೊಡೆದರು, ಆಗಲೂ ಮಾತಾಡಿದೆ. ಸಭೆ ನಕ್ಕಿತು. ವಾಪಸು ಬರುವಾಗ ಬಸ್ಸು ಬೆಲ್ಲದ ಬಾಗೇವಾಡಿ ದಾಟುವತನಕ ಮಾಸ್ತರರು ಕಿಟಕಿಯಾಚೆಯೇ ನೋಡುತ್ತಿದ್ದರು.

"ನಾ ಹೇಳಿದ್ದು ಖರೇನ ಇತ್ರಿ ಸರ್ರ" ಎಂದೆ.

"ಇರ್ಲೇಳು. ಖರೆ ಹೇಳಾವ್ರಿಗೆ ಗಂಟಿ ಕೇಳೂದಿಲ್ಲೇನು?" ಕಿಟಕಿಯಾಚೆ ನೋಡುತ್ತಲೇ ಹೇಳಿದರು. "ಗಂಟಿ ಆದ ಮ್ಯಾಲಿನ ಟೈಮ್ ನಿನ್ನದಲ್ಲ. ಇನ್ನೊಬ್ಬರದು. ಅದನ್ನ ಕಸಗೋಬಾರ್ದು."

ಮರುದಿನದಿಂದ ಹೊಸ ಆಟ. ಮೈದಾನದಲ್ಲಿ ನಿಂತು ನಾವು ವಾದ ಮಾಡಬೇಕು. ಸೀಟಿ ಒಂದು ಸಲ ಊದಿದರೆ ಎಚ್ಚರಿಕೆ, ಎರಡು ಸಲ ಊದಿದರೆ ಇದ್ದಲ್ಲೇ ನಿಲ್ಲಬೇಕು. ಬಾಯಲ್ಲಿರುವ ಶಬ್ದವನ್ನು ಪೂರ್ತಿ ಮಾಡಿದವರಿಗೆ ಮೈದಾನಕ್ಕೊಂದು ಸುತ್ತು. ಆ ವರ್ಷ ಖೊಖೊದವರಿಗಿಂತ ಹೆಚ್ಚು ಓಡಿದವಳು ನಾನೇ. ವರ್ಷದ ಕೊನೆಗೆ ಶಬ್ದದ ಅರ್ಧಕ್ಕೆ ನಿಲ್ಲುವುದು ನನಗೆ ಉಸಿರಿನಷ್ಟು ಸಲೀಸಾಯಿತು.

ನಾನು ಲಾ ಓದಿ ಗೋಕಾಕದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸಕ್ಕೆ ನಿಂತ ವರ್ಷ ಮಾಸ್ತರರ ದನಿ ಒಡೆಯಿತು. ನಿವೃತ್ತಿಯಾದ ಮೇಲೂ ಅವರು ಬೆಳಗ್ಗೆ ಹುಡುಗರನ್ನು ಓಡಿಸುವುದು ಬಿಟ್ಟಿರಲಿಲ್ಲ, ಚಳಿಗಾಳಿಗೆ ಗಂಟಲು ಕೂತಿರಬೇಕು ಎಂದುಕೊಂಡೆವು. ಬೆಳಗಾವಿಯ ದವಾಖಾನೆಯಲ್ಲಿ ಗಂಟಲಿನ ಗಂಟು ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕೊರಳಲ್ಲಿ ತೂತು ಮಾಡಿ ಅಲ್ಲಿಂದ ಉಸಿರಾಟ, ಮಾತು ಇರುವುದಿಲ್ಲ. ಮಾಸ್ತರರು ಒಲ್ಲೆ ಎಂದು ಮನೆಗೆ ಬಂದುಬಿಟ್ಟರು.

ಕಾಕು ನನಗೆ ಫೋನ್ ಮಾಡಿದರು. "ಯಾರ ಮಾತೂ ಕೇಳವಲ್ರು. ನಿನ್ನ ವಾದಾ ಅಂದ್ರ ಕುಂತ ಕೇಳ್ತಾರ. ಬಾರವಾ, ಹೆಂಗರ ಮಾಡಿ ಗೆಲ್ಲು."

ಕಾಕು ಹೊತ್ತ ಹರಕೆಗಳಲ್ಲಿ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ನಾನು ನಂಬುವುದು ಕೇಳಿ ತಿಳಿದದ್ದನ್ನು. ಡಾಕ್ಟರನ್ನು ಹೋಗಿ ಕಂಡೆ. ಬದುಕುವ ಸಾಧ್ಯತೆ ಎಷ್ಟು, ಊಟ ಹೇಗೆ, ಸ್ನಾನ ಹೇಗೆ, ಎಲ್ಲ ಕೇಳಿ ತಯಾರಾಗಿ ಕಲ್ಲೋಳಿಗೆ ಹೋದೆ. ನನ್ನನ್ನು ಕಂಡದ್ದೇ ಅವರು ಒಡಕು ದನಿಯಲ್ಲಿ ನಕ್ಕು ಕುರ್ಚಿ ಎಳೆದುಕೊಂಡು ಕೂತರು.

"ಕುರ್ಚಿ ಸೀನು ಐತಿ ಅಂದಂಗಾತು. ಹೂಂ, ಇವತ್ತೂ ನೀನ ವಿಲನ್. ಚಾಲೂ ಮಾಡು." ತಾವೇ ಸೀಟಿ ಊದಿದರು.

ನಾನು ಒಂದೊಂದೇ ಅಂಶ ಇಡುತ್ತ ಹೋದೆ. ಅವರು ಒಂದೊಂದನ್ನೇ ಕೆಡವುತ್ತ ಹೋದರು. "ಮಾತಿಲ್ಲದಾಂವ ಯಾವ ಮಾಸ್ತರ ಹೇಳು?" ಎಂದರು. ಅಲ್ಲಿಗೆ ಬರಲಿ ಎಂದೇ ಕಾದಿದ್ದೆ. ತಂತಿ ಹೊರಗೆಳೆದೆ.

"ಸರ್ರ, ಗ್ರೌಂಡ್ ಮ್ಯಾಲ ನೀವು ಎಂದ ಮಾತಾಡೀರಿ? ಓಡು ಅಂದಿದ್ದು, ನಿಲ್ಲು ಅಂದಿದ್ದು, ಶಾಬಾಶ್ ಅಂದಿದ್ದು ಎಲ್ಲಾ ಸೀಟಿಲೇನ ಅಂದೀರಿ. ಮಾತು ಹೋದ್ರ ಹೋಗ್ಲಿ. ಸೀಟಿ ಎಲ್ಲಿ ಹೋಗತೈತಿ?"

ಅವರು ಬಹಳ ಹೊತ್ತು ಸೀಟಿಯನ್ನು ಅಂಗೈಯಲ್ಲಿ ಹೊರಳಿಸಿದರು. ಆಮೇಲೆ ಬಾಯಿಗಿಟ್ಟು ಎರಡು ಸಲ ಊದಿದರು. ನಾನು ಗೆದ್ದಿದ್ದೆ. ಕಾಕು ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಮುಚ್ಚಿಕೊಂಡರು.

ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ದಿನ ಕೊರಳಿನ ತೂತಿನ ಮೇಲೆ ತೆಳ್ಳನೆಯ ಬಿಳಿ ಅರಿವೆ ಕಟ್ಟಿತ್ತು. ಪಡಸಾಲೆಗೆ ಕಾಲಿಟ್ಟದ್ದೇ ಮೊಳೆಗೆ ತೂಗುಹಾಕಿದ್ದ ಸೀಟಿಯನ್ನು ತೆಗೆದುಕೊಂಡು ನನ್ನತ್ತ ಹುಬ್ಬು ಹಾರಿಸಿದರು. ತುಟಿಯ ಕುಳಿಯಲ್ಲಿಟ್ಟು ಜೋರಾಗಿ ಊದಿದರು.

ಕೊರಳ ಮೇಲಿನ ಅರಿವೆ ಪಟಪಟ ಹಾರಿತು. ಸೀಟಿ ಸುಮ್ಮನಿತ್ತು.

ಉಸಿರು ಬಾಯಿಗೆ ಬರುವುದೇ ಇಲ್ಲ ಇನ್ನು. ಕೊರಳಿನಲ್ಲಿ ಒಳಗೆ, ಕೊರಳಿನಿಂದಲೇ ಹೊರಗೆ. ಸೀಟಿಗೆ ಉಸಿರೆಲ್ಲಿಂದ ಬರಬೇಕು? ಎಲ್ಲ ಕೇಳಿದ್ದ ನಾನು ಇದೊಂದನ್ನು ಡಾಕ್ಟರನ್ನು ಕೇಳಿರಲಿಲ್ಲ. ಅವರು ಇನ್ನೊಮ್ಮೆ ಊದಿದರು. ಮತ್ತೆ ಅರಿವೆಯೇ ಹಾರಿತು. ನಾನು "ಸರ್ರ" ಎಂದೆ. ಅವರು ಸೀಟಿಯನ್ನು ಎಂದಿನಂತೆ ಅಂಗಿಯ ತುದಿಯಿಂದ ಒರೆಸಿ ಮೊಳೆಗೆ ಹಾಕಿದರು. ನನ್ನ ತಲೆಯ ಮೇಲೆ ಕೈಯಿಟ್ಟು ಹಾಗೇ ಒಳಗೆ ಹೋದರು. ಆ ಬಗ್ಗೆ ಒಂದು ಸನ್ನೆಯ ದೂರೂ ಎಂದೂ ಬರಲಿಲ್ಲ.

ಕೆಲ ದಿನಕ್ಕೆ ಸ್ಟೀಲಿನ ತಾಟು, ಚಮಚ ಹಿಡಿದು ಮೈದಾನಕ್ಕೆ ಹೋದರು. ಒಂದು ಬಡಿತಕ್ಕೆ ಓಡಬೇಕು, ಎರಡಕ್ಕೆ ನಿಲ್ಲಬೇಕು. ಮೊದಲ ದಿನ ಸಣ್ಣ ಮಕ್ಕಳೆಲ್ಲ ಬಿಸಿಯೂಟದ ಹೊತ್ತಾಯಿತೆಂದು ತಿಳಿದು ತಮ್ಮ ತಮ್ಮ ತಾಟು ಹಿಡಿದು ಓಡಿಬಂದು ಸಾಲಾಗಿ ನಿಂತವಂತೆ. ಕಾಕು ಇದನ್ನು ಹೇಳುವಾಗ ಮಾಸ್ತರರು ಹೆಗಲು ಕುಲುಕಿಸಿ, ದನಿಯಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೋರ್ಟಿಗೆ ರಜೆ ಇದ್ದಾಗ ನಾನು ಹೋಗುತ್ತಿದ್ದೆ, ಇಬ್ಬರೂ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದೆವು. ಈಗ ಕುರ್ಚಿ ಸೀನು ಬಂದರೂ ಅವರು ದನಿ ಇಳಿಸುತ್ತಿರಲಿಲ್ಲ. ಪರದೆಯ ಮೇಲಿನವರು ಮಾತಾಡುವುದನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು, ಅರ್ಥವಾಗಲಿ ಬಿಡಲಿ. ವಿಲನ್‌ನ ಬಾಯಿಯನ್ನೇ ನೋಡುತ್ತಿದ್ದರು.

ಮಾವು ಎರಡನೆಯ ಸಲ ಹೂಬಿಡುವ ಹೊತ್ತಿಗೆ ಗಂಟು ಮರಳಿ ಬಂತು. ಇನ್ನೊಂದು ಶಸ್ತ್ರಕ್ರಿಯೆ, ಆಮೇಲೆ ನಮ್ಮ ಕಡೆ ಕರೆಂಟ್ ಕೊಡುವುದು ಎನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆ. ಮಾಸ್ತರರು ತಲೆ ಅಡ್ಡಡ್ಡ ಆಡಿಸಿದರು. ಕಾಕು ಮತ್ತೆ ಫೋನ್ ಮಾಡಿದರು.

ಈ ಸಲ ಡಾಕ್ಟರಿಗೆ ಬೇಸರವಾಗುವಷ್ಟು ಕೇಳಿದ್ದೆ. ನೀರು ನುಂಗಬಹುದೆ, ಚಮಚ ಹಿಡಿಯುವ ಕೈಗೆ ಶಕ್ತಿ ಉಳಿಯುವುದೆ, ಎಲ್ಲ. ಮಧ್ಯಾಹ್ನ ಹೋದೆ. ಅವರು ಹೊರಸಿನ ಮೇಲೆ ದಿಂಬಿಗೆ ಒರಗಿದ್ದರು, ಮಗ್ಗುಲಲ್ಲಿ ತಾಟು, ಕೈಯಲ್ಲಿ ಚಮಚ. ನಾನು ಎದುರು ನಿಂತು ಕೈ ಹಿಂದೆ ಕಟ್ಟಿಕೊಂಡೆ. ಡಾಕ್ಟರು ಹೇಳಿದ್ದನ್ನು ಹೇಳಿದೆ, ಗುಣವಾದವರ ಬಗ್ಗೆ ಹೇಳಿದೆ, ಮೈದಾನದ ಮಕ್ಕಳ ಬಗ್ಗೆ ಹೇಳಿದೆ. ಒಂದು ಮಾತನ್ನು ಮಾತ್ರ ಕೊನೆಗೆಂದು ಇಟ್ಟುಕೊಂಡಿದ್ದೆ. ಅದರಲ್ಲಿ ತರ್ಕ ಇರಲಿಲ್ಲ. ಬೇರೆ ಯಾರೇ ಆಡಿದ್ದರೂ ಅವರು ಮಾರ್ಕ್ಸ್ ಕಳೆಯುತ್ತಿದ್ದ ಮಾತು.

ತಾಟಿನ ಮೇಲೆ ಒಂದು ಬಡಿತ, ಇನ್ನೊಂದು ನಿಮಿಷ ಎಂದು.

"ಸರ್ರ, ಇದೆಲ್ಲಾ ಬಿಡ್ರಿ" ಎಂದೆ. "ನನ್ನ ಸಲು..."

ಎರಡು ಬಡಿತ. ಒಂದರ ಹಿಂದೆ ಒಂದು, ಅವಸರದಿಂದ. ಒಂದು ನಿಮಿಷ ಇನ್ನೂ ಆಗಿರಲಿಲ್ಲ. ಟೈಮಿನ ವಿಷಯದಲ್ಲಿ ಅವರು ಮೋಸ ಮಾಡಿದ್ದು ಅದೊಂದೇ ಸಲ.

ನಾನು ಶಬ್ದದ ಅರ್ಧಕ್ಕೆ ನಿಂತೆ. ಅವರು ನನ್ನನ್ನು ನೋಡಲಿಲ್ಲ, ಚಮಚವನ್ನು ನೋಡುತ್ತಿದ್ದರು. ಕಾಕು ಬಾಗಿಲಿನಿಂದ ಮುಂದೆ ಬಂದರು. "ಮಾತಾಡವಾ. ಯಾಕ ನಿಂತಿ?"

"ಗಂಟಿ ಆತ್ರಿ ಕಾಕು" ಎಂದು ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವರು ಟಿ.ವಿ.ಯ ಕಡೆ ಗದ್ದ ಎತ್ತಿದರು. ನಾನು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿದೆ. ಕುರ್ಚಿ ಸೀನು ಬರುವ ಮೊದಲೇ ಅವರಿಗೆ ನಿದ್ದೆ ಹತ್ತಿತ್ತು.

ಶ್ರಾವಣದಲ್ಲಿ ಹೋದರು, ಮನೆಯಲ್ಲೇ, ಕಾಕುವಿನ ಕೈಯಿಂದ ಒಂದು ಚಮಚ ನೀರು ಕುಡಿದು.

ಅವರು ಬೇಗ ಬಡಿದದ್ದು ಯಾಕೆ ಎಂಬುದರ ಮೇಲೆ ನಾನು ಎರಡೂ ಕಡೆಯಿಂದ ವಾದಿಸಬಲ್ಲೆ. ಅವರೇ ಕಲಿಸಿದ ವಿದ್ಯೆ. ನೋವು ಸಾಕಾಗಿತ್ತು, ಮುಗಿಸೆಂದು ಬಡಿದರು ಎನ್ನಬಹುದು. ನಾನು ಏನು ಹೇಳಹೊರಟೆನೆಂದು ತಿಳಿದು, ಕೇಳಿದರೆ ತಮಗೆ ಒಪ್ಪದೆ ಇರಲಾಗದೆಂದು ಬಡಿದರು ಎಂದೂ ಎನ್ನಬಹುದು. ತೀರ್ಪು ಕೊಡುವವರು ಇಲ್ಲ.

ಮಳೆ ನಿಂತ ಮೇಲೆ ಕಾಕು ಕರೆಸಿದರು. "ಈ ಕ್ಯಾಸೆಟ್ ನೀನ ಒಯ್ಯವಾ. ನಾ ಯಾರಿಗೆ ಹಚ್ಚಲಿ?" ಎಂದರು. ಒಯ್ಯುವ ಮೊದಲು ಬಿಸಿಲು ತೋರಿಸಬೇಕಲ್ಲ. ಅಂಗಳದಲ್ಲಿ ಹೊರಸು ಹಾಕಿ ಇಬ್ಬರೂ ಹರವುತ್ತ ಕೂತೆವು. ಈ ಸಲ ಕಾಕು ಬೈಯಲಿಲ್ಲ. ಒಂದೊಂದನ್ನೇ ಸೆರಗಿನಿಂದ ಒರೆಸಿ ಕೊಡುತ್ತಿದ್ದವರು ತಟ್ಟನೆ ಕೇಳಿದರು.

"ಅವತ್ತ ಅವ್ರು ತಾಟು ಬಡೀದಿದ್ರ ಏನ್ ಅಂತಿದ್ದಿ?"

"ನನ್ನ ಸಲುವಾಗಿ ಹೂಂ ಅನ್ರಿ ಅಂತಿದ್ದೆ. ನೀವಿಲ್ಲದ ನನಗ ಆಗೂದಿಲ್ಲ ಅಂತಿದ್ದೆ." ಕ್ಯಾಸೆಟ್ಟೊಂದನ್ನು ಹೊರಸಿನ ಮೇಲಿಟ್ಟು, "ಕೊನೀಗಿರ್ಲಿ ಅಂತ ಇಟ್ಟಿದ್ನಿರಿ ಕಾಕು" ಎಂದೆ.

ಕಾಕು ಕೈಯಲ್ಲಿದ್ದ ಕ್ಯಾಸೆಟ್ಟನ್ನು ಒರೆಸುತ್ತಲೇ ಇದ್ದರು. ಅದರ ಮೇಲೆ ಧೂಳೇನೂ ಇರಲಿಲ್ಲ.

"ಅದನ್ನ ಮೊದಲ ಅನ್ನಬೇಕಿತ್ತವಾ" ಎಂದರು. ಕ್ಯಾಸೆಟ್ಟನ್ನು ಮಗ್ಗುಲು ತಿರುವಿ ಬಿಸಿಲಿಗೆ ಇಟ್ಟರು.