ಕುಂಟು ಬಡಿತದ ತಿಮ್ಮಣ್ಣ

ಶಹಾಪುರದಲ್ಲಿ ಡೋಲು ಬಾರಿಸುವವರಿಗೇನೂ ಬರವಿಲ್ಲ. ಅವರಲ್ಲಿ ಅರ್ಧ ಮಂದಿ ಬಾರಿಸುವುದನ್ನು ಬಿಟ್ಟರೆ ಊರಿಗೆ ಉಪಕಾರವಾದೀತು ಎಂದು ಎಷ್ಟೋ ಮದುವೆಗಳಲ್ಲಿ ಕಿವಿ ಮುಚ್ಚಿಕೊಂಡು ಅಂದುಕೊಂಡಿದ್ದೇನೆ. ನಾವು ಹುಡುಗರೆಲ್ಲ ಮುತ್ಯಾ, ಅಜ್ಜ ಎನ್ನುತ್ತಿದ್ದ ತಿಮ್ಮಣ್ಣನ ಮಾತು ಬೇರೆ. ನಾನು ಕಾಣುವ ಹೊತ್ತಿಗೆ ಅವನ ತಲೆ ಪೂರ್ತಿ ನರೆತಿತ್ತು. ಕುಳ್ಳ ಆಳು, ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲೇ. ಊರವರು ಅವನನ್ನು ನೆನೆಯುವುದು ಒಂದೇ ಕಾರಣಕ್ಕೆ: ರಜಾಕಾರರ ಕಾಲದಲ್ಲಿ ಲಾಡ್ಲೇಸಾಬನ ಹಿಂದೆ ನಿಂತು ಡೋಲು ಬಾರಿಸಿದವನು ಎಂದು. ಆ ‘ಹಿಂದೆ ನಿಂತು’ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಲಾಡ್ಲೇಸಾಬ ಕ್ಲಾರ್ನೆಟ್ ಊದುತ್ತಿದ್ದ. ತಿಮ್ಮಣ್ಣ ಡೋಲು. ಇನ್ನು ಮೂವರು ಸೇರಿ ಐದು ಜನರ ಬ್ಯಾಂಡು. ಶಹಾಪುರ, ಸುರಪುರ, ಯಾದಗಿರಿ, ಎಲ್ಲಿ ಮದುವೆಯಿದ್ದರೂ ಅವರೇ. ಲಾಡ್ಲೇಸಾಬ ಪಿಂಜಾರ ಓಣಿಯವನು, ತಿಮ್ಮಣ್ಣ ಹೊಲಗೇರಿಯವನು. ತಿಮ್ಮಣ್ಣ ‘ಮಾಮಾ’ ಎನ್ನುತ್ತಿದ್ದ, ಲಾಡ್ಲೇಸಾಬ ‘ಅಳಿಯಾ’ ಎನ್ನುತ್ತಿದ್ದ. ಮದುವೆ ಮನೆಯಲ್ಲಿ ಬ್ಯಾಂಡಿನವರಿಗೆ ಚಪ್ಪರದ ಹೊರಗೆ ಊಟ, ಅದರಲ್ಲೂ ತಿಮ್ಮಣ್ಣನಿಗೆ ಇನ್ನೂ ಹೊರಗೆ. ಲಾಡ್ಲೇಸಾಬ ತನ್ನ ಎಲೆ ಎತ್ತಿಕೊಂಡು ಬಂದು ಅಲ್ಲೇ ಕೂರುತ್ತಿದ್ದ.

ಅವರ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಡೋಲು ಹೇಗೆ ಹೋಗುತ್ತದೆಯೋ ಕ್ಲಾರ್ನೆಟ್ ಹಾಗೆ ಹೋಗಬೇಕು. ನೋಡುವವರಿಗೆ ಮುಂದೆ ನಡೆಯುವ ಕ್ಲಾರ್ನೆಟ್ಟಿನವನೇ ಯಜಮಾನ. ನಿಜವಾಗಿ ಲಗಾಮು ಇದ್ದದ್ದು ಹಿಂದಿನವನ ಕೈಯಲ್ಲಿ.

ಲಾಡ್ಲೇಸಾಬನ ಹೆಂಡತಿ ಚಾಂದಬೀಯ ಅಣ್ಣ ಖಾಜಾಹುಸೇನ ಯಾದಗಿರಿ ಟೇಶನ್ನಿನಲ್ಲಿ ಎಂಜಿನ್ ಡ್ರೈವರುಗಳಿಗೆ ಅಡುಗೆ ಮಾಡುತ್ತಿದ್ದ. ವರ್ಗವಾಗಿ ಹೋಗುವಾಗ ಒಬ್ಬ ಡ್ರೈವರ್ ಸಾಹೇಬ ತನ್ನ ಗ್ರಾಮಫೋನನ್ನೂ ಮೂರು ಪ್ಲೇಟುಗಳನ್ನೂ ಅವನಿಗೆ ಬಿಟ್ಟುಹೋದ. ಖಾಜಾಹುಸೇನ ಅವನ್ನು ತಂಗಿಗೆ ಕೊಟ್ಟ. ಏಪ್ರಿಲ್ ತಿಂಗಳು, ಎತ್ತಿನ ಬಂಡಿ, ಭೀಮಾ ನದಿ ದಾಟಿ ಶಹಾಪುರದ ತನಕ ನೆತ್ತಿ ಸುಡುವ ಬಿಸಿಲು. ಪ್ಲೇಟುಗಳು ಅರಗಿನವು ಎಂಬುದು ಯಾರಿಗೆ ಗೊತ್ತು? ಎರಡು ಮೆತ್ತಗಾಗಿ ಒಂದಕ್ಕೊಂದು ಅಂಟಿ, ಬಿಡಿಸಲು ಹೋದಾಗ ಒಡೆದುಹೋದವು. ಮೂರನೆಯದು ಹಪ್ಪಳದ ಹಾಗೆ ಸೊಟ್ಟಗಾದರೂ ಉಳಿಯಿತು.

ಮೂರೂ ಒಬ್ಬನವೇ ಪ್ಲೇಟು. ಅಮೇರಿಕಾದ ಕರಿಯ ಮನುಷ್ಯನಂತೆ, ಹಾಡು ತಾನೇ ಕಟ್ಟುತ್ತಾನಂತೆ, ಹದಿನೈದು ಜನರ ಬ್ಯಾಂಡನ್ನು ಪಿಯಾನೋ ಮುಂದೆ ಕೂತೇ ನಡೆಸುತ್ತಾನಂತೆ ಎಂದು ಡ್ರೈವರ್ ಸಾಹೇಬ ಹೇಳಿದ್ದನ್ನು ಖಾಜಾಹುಸೇನ ಹೇಳಿದ. ಇನ್ನೊಂದು ಮಾತನ್ನೂ ಹೇಳಿದ. ಆ ಮನುಷ್ಯ ಬಾರಿಸಲು ಹೋದ ಎಷ್ಟೋ ಹೋಟೆಲುಗಳಲ್ಲಿ ಅವನಿಗೆ ಊಟಕ್ಕೆ ಕೂರುವ ಹಾಗಿಲ್ಲವಂತೆ. ತಿಮ್ಮಣ್ಣ ಇದನ್ನು ಎರಡು ಸಲ ಹೇಳಿಸಿಕೊಂಡು ಕೇಳಿದನಂತೆ. ಅಂದಿನಿಂದ ಅವರಿಬ್ಬರಿಗೂ ಆತ ‘ಉಸ್ತಾದ’. ಕಂಚಿನ ತುತ್ತೂರಿಗಳ ಬಾಯಿಗೆ ಏನನ್ನೋ ಮುಚ್ಚಿ, ತೆಗೆದು, ಮನುಷ್ಯ ಅತ್ತ ಹಾಗೆ ಊದಿಸುತ್ತಿದ್ದ ಆತ. ಇವರೂ ತಂಬಿಗೆ ಮುಚ್ಚಿ ನೋಡಿದರು. ಸುರಪುರದ ಒಂದು ಮದುವೆಯಲ್ಲಿ ಆ ಸದ್ದಿಗೆ ಮದುಮಗನ ಕುದುರೆ ಬೆದರಿ ಓಡಿತು ಎಂಬುದನ್ನು ಬ್ಯಾಂಡಿನವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ, ಗ್ರಾಮಫೋನಿನ ಸೂಜಿ ಎಲ್ಲಿಯೂ ಸಿಗುತ್ತಿರಲಿಲ್ಲ. ಜಾಲಿಮುಳ್ಳನ್ನೇ ಚೂಪು ಮಾಡಿ ಹಾಕುತ್ತಿದ್ದರು. ಒಂದು ಮುಳ್ಳು, ಒಂದು ಹಾಡು. ಪ್ಲೇಟು ಸೊಟ್ಟಗಾಗಿತ್ತಲ್ಲ, ಪ್ರತಿ ಸುತ್ತಿಗೂ ಮುಳ್ಳು ಒಮ್ಮೆ ಏರಿ ಒಮ್ಮೆ ಇಳಿದು, ಹಾಡು ಒಂದು ಕ್ಷಣ ಹಿಂದೆ ಬಿದ್ದು, ಆಮೇಲೆ ಓಡಿ ಬಂದು ಸೇರಿಕೊಳ್ಳುತ್ತಿತ್ತು. ಇದು ಉಸ್ತಾದನ ವಿದ್ಯೆಯೇ ಎಂದು ಇಬ್ಬರೂ ನಂಬಿದರು. ಅದು ಯಾದಗಿರಿ ಬಿಸಿಲಿನ ಕಿತಾಪತಿ ಎಂದು ಹೇಳುವವರು ಯಾರೂ ಇರಲಿಲ್ಲ. ವರ್ಷಗಟ್ಟಲೆ ಆ ಕುಂಟುವಿಕೆಯನ್ನು ಭಕ್ತಿಯಿಂದ ಕಲಿತರು. ತಿಮ್ಮಣ್ಣ ಅದಕ್ಕೆ ಡೋಲಿನಲ್ಲಿ ಒಂದು ಪೆಟ್ಟು ಕಟ್ಟಿ ‘ಕುಂಟು ಬಡಿತ’ ಎಂದು ಹೆಸರಿಟ್ಟ. ಆ ಬಡಿತ ಶುರುವಾದರೆ ಸಾಕು, ಲಾಡ್ಲೇಸಾಬನ ಬೆರಳು ತಾವಾಗಿಯೇ ಉಸ್ತಾದನ ಹಾಡಿಗೆ ಹೋಗುತ್ತಿದ್ದವು. ಮುಂದೆ ಎಷ್ಟೋ ವರ್ಷಕ್ಕೆ ನಾನು ಹೈದರಾಬಾದಿನಲ್ಲಿ ಅದೇ ಹಾಡಿನ ನೆಟ್ಟಗಿನ ಪ್ಲೇಟು ಕೇಳಿದೆ. ಚೆಂದವೇ ಇತ್ತು. ಆದರೆ ಕುಂಟು ಇರಲಿಲ್ಲ, ನನಗೆ ಏನೋ ಕಳೆದುಕೊಂಡಂತಾಯಿತು.

ನಲವತ್ತೆಂಟರ ಮುಂಗಾರಿನಲ್ಲಿ ನಿಜಾಮನ ಪರ ನಿಂತ ರಜಾಕಾರರ ಸಾಲಾರ, ಅಂದರೆ ಅವರ ದಳಪತಿ, ಶಹಾಪುರಕ್ಕೆ ಬಂದ. ಬಜಾರಿನಲ್ಲಿ ಕವಾಯತು ನಡೆಸಬೇಕು, ಮುಂದೆ ಬ್ಯಾಂಡು ಬೇಕು. ಬರುವುದಿಲ್ಲ ಎನ್ನುವ ಧೈರ್ಯ ಯಾರಿಗಿತ್ತು? ಬಂದೂಕು ಹೆಗಲಿಗೇರಿಸಿದವರು ಮನೆ ಬಾಗಿಲಿಗೇ ಬಂದು ನಿಂತಿದ್ದರು. ಊರಿನ ಅಂಗಡಿ, ಮನೆ ಎಲ್ಲ ಬಾಗಿಲು ಮುಚ್ಚಿಕೊಂಡವು. ಜನ ಒಳಗೆ ಉಸಿರು ಹಿಡಿದು ಕೂತು ಬ್ಯಾಂಡಿನ ಸದ್ದನ್ನಷ್ಟೇ ಕೇಳಿದರು.

ಲಾಡ್ಲೇಸಾಬ ಸಲಾಮಿಯ ಧಾಟಿ ಊದುತ್ತ ಹೊರಟ. ತಿಮ್ಮಣ್ಣ ನೆಟ್ಟಗೆ ಬಾರಿಸುತ್ತಲೇ ಇದ್ದ. ಬಜಾರಿನ ತಿರುವಿನಲ್ಲಿ, ಹಿಂದಿನ ವಾರ ಹೊಡೆಸಿಕೊಂಡು ಹಾಸಿಗೆ ಹಿಡಿದಿದ್ದ ತನ್ನ ಕೇರಿಯವನೊಬ್ಬನ ನೆನಪಾಯಿತೋ, ಸಿಟ್ಟು ಮೂಗಿನ ತುದಿಯಿಂದ ಕೈಗಿಳಿಯಿತೋ, ಯಾರಿಗೂ ಹೇಳದೆ ಕೇಳದೆ ಅವನು ಕುಂಟು ಬಡಿತಕ್ಕೆ ಹೊರಳಿಬಿಟ್ಟ. ಲಾಡ್ಲೇಸಾಬನ ಬೆರಳು ಅಭ್ಯಾಸದಂತೆ ಹಿಂದೆಯೇ ಹೋದವು. ಎಡ ಬಲ ಎಂದು ಹೆಜ್ಜೆ ಹಾಕುತ್ತಿದ್ದ ಸಾಲು ತಡವರಿಸಿತು. ಒಬ್ಬನ ಕಾಲು ಇನ್ನೊಬ್ಬನ ಕಾಲಿಗೆ ತೊಡರಿ ಮೂವರು ಕೆಸರಿಗೆ ಬಿದ್ದರು, ಬಿದ್ದವರ ಮೇಲೆ ಹಿಂದಿನವರು.

ಸಾಲಾರ ತಿರುಗಿ ನೋಡಿದ. ಡೋಲಿನವನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಕ್ಲಾರ್ನೆಟ್ ಬಾಯಲ್ಲಿರುವಾಗಲೇ ಲಾಡ್ಲೇಸಾಬನ ಮುಖಕ್ಕೆ ಬಂದೂಕಿನ ಹಿಡಿಯಿಂದ ಹೊಡೆದ. ಕ್ಲಾರ್ನೆಟ್ ಸೀಳಿತು. ಮೇಲಿನ ಮುಂದಿನ ಹಲ್ಲುಗಳೆಲ್ಲ ಹೋದವು. ಹಲ್ಲಿಲ್ಲದವನು ಕ್ಲಾರ್ನೆಟ್ಟನ್ನು ಹಿಡಿಯುವುದು ಹೇಗೆ? ಅವನ ಕಸುಬು ಅಲ್ಲಿಗೆ ಮುಗಿಯಿತು. ತಿಮ್ಮಣ್ಣನಿಗೆ ಒಂದು ಏಟೂ ಬೀಳಲಿಲ್ಲ. ಅದೇ ಅವನಿಗೆ ಬಿದ್ದ ದೊಡ್ಡ ಏಟು.

ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಲಾಡ್ಲೇಸಾಬ ಮನೆ ಸೇರಿದ, ಹೊರಗೆ ಬರಲಿಲ್ಲ. ಊರು ಬೇರೆಯೇ ಕತೆ ಕಟ್ಟಿತು. ರಜಾಕಾರರ ಮುಂದೆ ಬ್ಯಾಂಡು ಬಾರಿಸಿದ, ಈಗ ಅವರೇ ಸಾಕುತ್ತಿದ್ದಾರೆ, ಅದಕ್ಕೇ ಮದುವೆಗೆ ಕರೆದರೂ ಬರುವುದಿಲ್ಲ ಎಂದು. ಬಾಗಿಲ ಹಿಂದೆ ಕೂತು ಕೇಳಿದವರ ಕಿವಿಗೆ ಸಲಾಮಿ ಬಿದ್ದಿತ್ತೇ ಹೊರತು ಹಲ್ಲು ಬಿದ್ದದ್ದು ಕೇಳಿಸಿರಲಿಲ್ಲ.

ಸೆಪ್ಟೆಂಬರಿನಲ್ಲಿ ಇಂಡಿಯಾದ ಸೈನ್ಯ ಬಂತು. ನಿಜಾಮನ ರಾಜ್ಯ ಮುಗಿಯಿತು, ರಜಾಕಾರರು ಓಡಿದರು. ಓಡಲಾಗದವರ ಮೇಲೆ ಸೇಡು ಶುರುವಾಯಿತು. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಸುದ್ದಿ ಹೇಳುವಂಥದ್ದಲ್ಲ. ಬಾವಿಗಳ ನೀರು ಯಾರೂ ಕುಡಿಯದಂತಾಯಿತು ಎಂದರೆ ಸಾಕು. ರಜಾಕಾರರ ವಿರುದ್ಧ ಹೋರಾಡಲು ಗಡಿಯಾಚೆಯ ಕ್ಯಾಂಪು ಸೇರಿದ್ದ ಬಸಲಿಂಗಪ್ಪಗೌಡ ಊರಿಗೆ ಮರಳಿದ. ಅವನ ಅಣ್ಣನನ್ನು ರಜಾಕಾರರು ಕೊಂದಿದ್ದರು. ಅವನ ಹುಡುಗರು ಕೊಡಲಿ, ಬಂದೂಕು ಹಿಡಿದು ಒಬ್ಬೊಬ್ಬರ ಹೆಸರು ಹೇಳಿ ಹುಡುಕಿದರು. ಅದರಲ್ಲಿ ಲಾಡ್ಲೇಸಾಬನ ಹೆಸರೂ ಇತ್ತು.

ಬೆಳಗಿನ ಜಾವವೇ ಲಾಡ್ಲೇಸಾಬ, ಚಾಂದಬೀ ಕೇರಿಗೆ ಬಂದಿದ್ದರು. ಚಾಂದಬೀಯ ಕಂಕುಳಲ್ಲಿ ಕೌದಿಯಲ್ಲಿ ಸುತ್ತಿದ ಗ್ರಾಮಫೋನು. ತಿಮ್ಮಣ್ಣನ ಹೆಂಡತಿ ದೇವಕಮ್ಮ ಮರುಮಾತಿಲ್ಲದೆ ಇಬ್ಬರನ್ನೂ ಜೋಳದ ಕಣಜದ ಹಿಂದೆ ಕೂರಿಸಿದಳು.

ಬಿಸಿಲೇರುವ ಹೊತ್ತಿಗೆ ಗೌಡನ ಹುಡುಗರು ಕೇರಿಯ ತುದಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಕೊಲ್ಲಲು ಹೊರಟವರಿಗೂ ಮೈಲಿಗೆಯ ಭಯ! ಹೊಲೆಯರ ಮನೆಯ ಹೊಸ್ತಿಲು ದಾಟಿದರೆ ಸ್ನಾನ ಮಾಡಬೇಕಾದೀತಲ್ಲ. ನಾನು ಕಂಡು ಕೇಳಿದ್ದರಲ್ಲಿ ಮೈಲಿಗೆಯಿಂದ ಒಂದು ಒಳ್ಳೆಯದಾಗಿದ್ದರೆ ಅದು ಅವತ್ತಿನದು ಮಾತ್ರ. ಹೊರಗಿನಿಂದಲೇ ಕೂಗಿ ತಿಮ್ಮಣ್ಣನನ್ನು ಚಾವಡಿಗೆ ಬರಹೇಳಿದರು.

ಗೌಡ ಚಾವಡಿ ಕಟ್ಟೆಯ ಮೇಲೆ ಕೂತಿದ್ದ. ತಿಮ್ಮಣ್ಣ ಕೆಳಗೆ ನಿಂತ.

“ಲೇ ತಿಮ್ಯಾ, ಲಾಡ್ಲ್ಯಾ ನಿನ್ನ ಮನ್ಯಾಗ ಅದಾನಂತಲ್ಲೋ?”

“ಅದಾನ್ರಿ ಗೌಡ್ರ.”

ಇಲ್ಲ ಅನ್ನುತ್ತಾನೆ ಎಂದು ಎಲ್ಲರೂ ಕಾದಿದ್ದರು.

“ಹೊರಗ ಹಾಕ್ತೀಯೋ, ಮನಿಗೆ ಬೆಂಕಿ ಹಚ್ಚಬೇಕೋ?”

“ಕರಕೊಂಡ ಬರ್ತೀನ್ರಿ. ಅಂವ ಮಾಡಿದ್ದೇನು, ಮೊದಲ ಅದನ್ನ ಕೇಳ್ರಿ.”

ಈಗ ತಿಮ್ಮಣ್ಣನ ಪೇಚು ನೋಡಿ. ನಿಜ ಹೇಳಿದರೆ ರಜಾಕಾರರನ್ನು ಕೆಸರಿಗೆ ಕೆಡವಿದವನು ತಾನು. ಗೌಡನೇ ಎದ್ದು ಬೆನ್ನು ತಟ್ಟುತ್ತಿದ್ದ, ಕಟ್ಟೆಯ ಮೇಲೆ ಕೂರಿಸಿಕೊಂಡರೂ ಆಶ್ಚರ್ಯವಿರಲಿಲ್ಲ. ಆದರೆ ಆಗ ಲಾಡ್ಲೇಸಾಬ ಏನಾಗಿ ಉಳಿಯುತ್ತಿದ್ದ? ಹೆದರಿ ಸಲಾಮಿ ಊದಿದವನಾಗಿ. ಅಷ್ಟು ಸಾಕಿತ್ತು ಕೊಡಲಿಗೆ.

“ಅವರ ಮುಂದ ಅಂವ ಬಾರಿಸಿದ್ದು ಖರೇರಿ,” ಎಂದ ತಿಮ್ಮಣ್ಣ. “ಬಾರಿಸಿ ಅವರನ್ನ ಕೆಡವ್ಯಾನ. ಬೇಕಂತನ ಕುಂಟು ಹಾಡು ಹಚ್ಚಿದ. ಸಾಲಿಗೆ ಸಾಲೇ ಕೆಸರಾಗ ಬಿತ್ತು. ಅದಕ್ಕ ಹಲ್ಲ ಉದುರಿಸ್ಯಾರ. ಎಲ್ಲಾ ಅವಂದೇ ಬುದ್ಧಿರಿ. ನಾ ಬರೇ ಅವನ ಹಿಂದ ನಿಂತು ಬಡದೆ.”

ಯಾರೋ ನಕ್ಕರು. ಗೌಡ ನಗಲಿಲ್ಲ.

“ಹಾಡು ಕೇಳಿ ಯಾರರ ಬೀಳ್ತಾರೇನಲೇ? ನಾನೂ ಕ್ಯಾಂಪಿನ್ಯಾಗ ಕವಾಯತ ಮಾಡೀನಿ. ತೋರ್ಸು. ಸುಳ್ಳಾದರ ನೀನೂ ಅವನ ಸಂಗಾಟ.”

ತಿಮ್ಮಣ್ಣ ಮನೆಗೆ ಹೋಗಿ ಗ್ರಾಮಫೋನನ್ನೂ ಡೋಲನ್ನೂ ತಂದ. ಕಟ್ಟೆಯ ಮೇಲೆ ಇಡುವಂತಿರಲಿಲ್ಲ, ನೆಲದ ಮೇಲೆಯೇ ಇಟ್ಟ. ಬೇಲಿಯಿಂದ ಒಂದು ಜಾಲಿಮುಳ್ಳು ಕಿತ್ತು ಕಲ್ಲಿಗೆ ಉಜ್ಜಿ ಚೂಪು ಮಾಡಿದ. ಮೊದಲ ಮುಳ್ಳು ಮುರಿಯಿತು. ಇನ್ನೊಂದು ಕಿತ್ತ. ಗೌಡನ ಸನ್ನೆಗೆ ಅವನ ಆರೇಳು ಹುಡುಗರು ಸಾಲಾಗಿ ನಿಂತರು, ಹೆಗಲ ಮೇಲೆ ಬಂದೂಕು.

ಕೀಲಿ ಕೊಟ್ಟು ಮುಳ್ಳು ಇಟ್ಟ. ಬೇವಿನ ಗಿಡದ ಕೆಳಗೆ ಅಮೇರಿಕಾದ ಹದಿನೈದು ಜನ ಒಮ್ಮೆಲೇ ಊದತೊಡಗಿದರು. ಪ್ಲೇಟು ಏಳುತ್ತ ಬೀಳುತ್ತ ತಿರುಗಿತು. ಹುಡುಗರು ಹೆಜ್ಜೆ ಹಾಕಿದರು. ತಿಮ್ಮಣ್ಣನಿಗೆ ಗೊತ್ತಿತ್ತು, ಬರೀ ಹಾಡಿಗೆ ಯಾರೂ ಬೀಳುವುದಿಲ್ಲ. ಕಾಲನ್ನು ಹಿಡಿಯುವುದು ಡೋಲು, ತೊಡರಿಸುವುದೂ ಡೋಲೇ. ಅದನ್ನು ತಾನು ಮಾಡಬೇಕು, ಮಾಡಿದ್ದು ಕಾಣಬಾರದು. ಮೊದಲು ನೆಟ್ಟಗೆ ಬಾರಿಸಿ ಅವರ ಕಾಲನ್ನು ನಂಬಿಸಿದ. ಕಣ್ಣು ಮುಚ್ಚಿದ, ಪ್ಲೇಟು ಹೇಳಿದ್ದನ್ನು ಕೇಳಿ ಬಾರಿಸುವವನ ಹಾಗೆ ತಲೆ ವಾಲಿಸಿದ. ಮುಳ್ಳು ಸವೆಯುತ್ತಿತ್ತು, ಹಾಡು ಸಣ್ಣದಾಗುತ್ತಿತ್ತು. ಇನ್ನು ತಡವಾದರೆ ಹಾಡೇ ನಿಂತುಹೋಗುತ್ತದೆ ಎನ್ನುವಾಗ ಕುಂಟು ಬಡಿತಕ್ಕೆ ಹೊರಳಿದ.

ಸಾಲಿನಲ್ಲಿ ಎರಡನೆಯವನು ಎಡವಿದ. ಮೂರನೆಯವನು ಅವನ ಹಿಮ್ಮಡಿ ತುಳಿದ. ಒಬ್ಬನ ಬಂದೂಕು ಕೆಳಗೆ ಬಿತ್ತು, ಅದನ್ನು ಹಿಡಿಯಲು ಹೋಗಿ ಅವನೂ ಬಿದ್ದ. ಸುತ್ತ ನಿಂತವರು ಹೋ ಎಂದು ನಕ್ಕರು. ಎಷ್ಟು ದಿನಗಳಾಗಿದ್ದವೋ ಆ ಊರು ನಕ್ಕು.

ಗೌಡ ಬಿದ್ದವರನ್ನು ನೋಡುತ್ತಿರಲಿಲ್ಲ. ತಿಮ್ಮಣ್ಣನ ಕೈಯನ್ನೇ ನೋಡುತ್ತಿದ್ದ. ಹಾಡು ನಿಂತಿತು. ಡೋಲೂ ನಿಂತಿತು. ತಿಮ್ಮಣ್ಣ ತಲೆ ತಗ್ಗಿಸಿ ಕಾದ.

“ಲಾಡ್ಲೇಸಾಬನ್ನ ಕರಸ್ರಿ,” ಎಂದ ಗೌಡ ಕಡೆಗೆ.

ಲಾಡ್ಲೇಸಾಬ ಬಂದ. ಮುಖದ ಬಟ್ಟೆ ಬಿಚ್ಚಿಸಿದರು. ಬೋಳು ವಸಡು ಎಲ್ಲರಿಗೂ ಕಂಡಿತು.

“ಇವನ ಮೈ ಮುಟ್ಟಿದವರು ನನಗ ಜವಾಬು ಹೇಳಬೇಕಾಗ್ತದ,” ಎಂದು ಗೌಡ ತನ್ನ ಹುಡುಗರಿಗೆ ಹೇಳಿದ. ಎದ್ದು ಹೋಗುತ್ತ ತಿಮ್ಮಣ್ಣನ ಹತ್ತಿರ ಒಂದು ಗಳಿಗೆ ನಿಂತ. “ಕೈ ಛಲೋ ಅದ ಲೇ ನಿಂದು.”

ಅವನಿಗೆ ತಿಳಿದಿತ್ತು, ತಿಳಿದೂ ಬಿಟ್ಟ ಎಂದೇ ನನ್ನ ನಂಬಿಕೆ. ಆ ದಿನಗಳಲ್ಲಿ ಎಷ್ಟೋ ಕೆಟ್ಟದ್ದು ಆ ಗೌಡನ ಹೆಸರಿನಲ್ಲಿ ನಡೆಯಿತು. ಇದೊಂದನ್ನು ಮಾತ್ರ ನಾನು ಅವನ ಪಾಲಿಗೆ ಬಿಡುತ್ತೇನೆ.

ಅಂದಿನಿಂದ ಊರಿಗೆ ಲಾಡ್ಲೇಸಾಬನೇ ವೀರ. ಝಂಡಾ ಏರಿಸುವ ದಿನ ಅವನನ್ನು ಕರೆಸಿ ಹಾರ ಹಾಕುತ್ತಿದ್ದರು. ನಾನೇ ನೋಡಿದ್ದೇನೆ. ಅವನು ತೊದಲುತ್ತ ಏನೋ ಹೇಳಲು ಬಾಯಿ ತೆರೆದ ಕೂಡಲೇ ಹಿಂದಿನಿಂದ ತಿಮ್ಮಣ್ಣ ಡೋಲು ಹೊಡೆದುಬಿಡುತ್ತಿದ್ದ. ಈ ಮುದುಕನಿಗೆ ಹೊತ್ತು ಗೊತ್ತು ಏನೂ ಇಲ್ಲ ಎಂದು ಜನ ಬೈಯುತ್ತಿದ್ದರು. ನಾನೂ ಬೈದಿದ್ದೆ.

ಇಬ್ಬರೂ ಮಣ್ಣು ಸೇರಿದ ಮೇಲೆ ಚಾಂದಬೀ ಆ ಸೊಟ್ಟ ಪ್ಲೇಟನ್ನು ನನ್ನ ಕೈಗೆ ಕೊಟ್ಟು ಉಳಿದದ್ದನ್ನು ಹೇಳಿದಳು. ಅವತ್ತು ಚಾವಡಿಯಿಂದ ಬಂದು ಕಣಜದ ಮಗ್ಗುಲಲ್ಲಿ ಕೂತಾಗ ಲಾಡ್ಲೇಸಾಬ ಅತ್ತನಂತೆ.

“ಬಡಿತ ನಿಂದು ಅಳಿಯಾ. ನಾ ಹೆದರಿ ಸಲಾಮಿ ಊದಾಕತ್ತಿದ್ದೆ. ನನ್ನ ಹೆಸರು ಯಾಕ ಹೇಳಿದಿ?”

ತಿಮ್ಮಣ್ಣ ಡೋಲಿನ ಹಗ್ಗ ಬಿಗಿಯುತ್ತ ಕೂತಿದ್ದನಂತೆ.

“ಹಲ್ಲ ನಿನ್ನವು ಹೋಗ್ಯಾವ ಮಾಮಾ,” ಎಂದನಂತೆ. “ಬಡಿತಾನೂ ನಿಂದೇ ಇರಲಿ.”